ಬಿಎಸ್-6 ಅಂದ್ರೇನು? ಅದ್ರಿಂದ ಹೊಗೆ ಕಮ್ಮಿ ಆಯ್ತಾ?

ಶೋರೂಮಿಗೆ ಹೋದ್ರೆ ಬಿಎಸ್-6 ಗಾಡಿ ಅಂತಾರೆ, ಹಳೇ ಗಾಡಿ ಮಾರೋರು ಬಿಎಸ್-4 ಅಂತ ಹೇಳಿ ರೇಟ್ ಸ್ವಲ್ಪ ಇಳಿಸ್ತಾರೆ, ಆದ್ರೆ ಈ 4, 6 ಎಂತದು ಅಂತ ಕೇಳಿದ್ರೆ ಇಂಜಿನ್ ಮಾಡೆಲ್ ಅಂತಾನೋ ಮೈಲೇಜ್ ಲೆಕ್ಕ ಅಂತಾನೋ ಅಂದ್ಕೊಂಡೋರೇ ಜಾಸ್ತಿ. ಅದು ಎರಡೂ ಅಲ್ಲ. ಬಿಎಸ್ ಅಂದ್ರೆ ಭಾರತ್ ಸ್ಟೇಜ್. ಗಾಡಿ ಸೈಲೆನ್ಸರಿಂದ ಯಾವ್ಯಾವ ವಿಷ ಎಷ್ಟೆಷ್ಟು ಹೊರಗೆ ಬರಬಹುದು ಅನ್ನೋದಕ್ಕೆ ಕೇಂದ್ರ ಸರ್ಕಾರ ಹಾಕಿರೋ ಮಿತಿ ಅದು, ನಂಬರ್ ಏರಿದಷ್ಟೂ ಮಿತಿ ಬಿಗಿ. ಯೂರೋಪಿನವರ ಯೂರೋ-4, ಯೂರೋ-6 ನಿಯಮಗಳನ್ನ ನೋಡ್ಕೊಂಡೇ ಇದನ್ನ ಮಾಡಿದ್ದು. ನಿಮ್ಮ ಗಾಡಿ ಯಾವುದು ಅಂತ ಆರ್‌ಸಿಯಲ್ಲೇ ಇರುತ್ತೆ, ತೆಗೆದು ನೋಡಿ.

ಲೆಕ್ಕ ಹೇಗಿದೆ ಅಂದ್ರೆ, ಒಂದು ಡೀಸೆಲ್ ಕಾರು ಒಂದು ಕಿಲೋಮೀಟರ್ ಓಡಿದ್ರೆ ಎಷ್ಟು ಮಸಿ ಕಣ ಬಿಡಬಹುದು ಅನ್ನೋದಕ್ಕೆ ಬಿಎಸ್-3ರಲ್ಲಿ 50 ಮಿಲಿಗ್ರಾಂ ಮಿತಿ ಇತ್ತು, ಬಿಎಸ್-4ರಲ್ಲಿ 25 ಆಯ್ತು, ಬಿಎಸ್-6ರಲ್ಲಿ ಬರೀ 4.5. ನೈಟ್ರೋಜನ್ ಆಕ್ಸೈಡ್ ಅನ್ನೋ ಅನಿಲ 500ರಿಂದ 250ಕ್ಕೆ, ಅಲ್ಲಿಂದ 80ಕ್ಕೆ ಇಳೀತು. ಈ ಅನಿಲ ಕಣ್ಣಿಗೆ ಕಾಣಲ್ಲ, ಕಪ್ಪು ಹೊಗೆ ಇಲ್ದೇ ಇದ್ರೂ ಬರ್ತಾ ಇರುತ್ತೆ, ಗಾಳಿಯಲ್ಲಿ ಬೇರೆ ಅನಿಲಗಳ ಜೊತೆ ಸೇರಿ ಮತ್ತೆ ಸೂಕ್ಷ್ಮ ಕಣ ಆಗಿ ಶ್ವಾಸಕೋಶದ ತಳಕ್ಕೆ ಇಳಿಯುತ್ತೆ.

ಈ ಬದಲಾವಣೆಯಲ್ಲಿ ಅರ್ಧ ಗಾಡಿದು, ಇನ್ನರ್ಧ ಎಣ್ಣೆದು. ಡೀಸೆಲಲ್ಲಿ ಗಂಧಕ ಇರುತ್ತೆ, ಬಿಎಸ್-3 ಡೀಸೆಲಲ್ಲಿ 350 ಪಿಪಿಎಂವರೆಗೆ (ಅಂದ್ರೆ ಹತ್ತು ಲಕ್ಷ ಭಾಗಕ್ಕೆ 350 ಭಾಗ) ಇರಬಹುದಿತ್ತು, ಬಿಎಸ್-4ರಲ್ಲಿ 50, ಈಗ 10. ಗಂಧಕ ಜಾಸ್ತಿ ಇದ್ರೆ ಹೊಗೆ ಶುದ್ಧ ಮಾಡೋ ಪಾರ್ಟುಗಳು ಬೇಗ ಕೆಟ್ಟುಹೋಗ್ತವೆ, ಹಾಗಾಗಿ ಒಳ್ಳೇ ಎಣ್ಣೆ ಬರದೇ ಒಳ್ಳೇ ಗಾಡಿ ಬಂದು ಪ್ರಯೋಜನ ಇಲ್ಲ. 2010ರಲ್ಲಿ ಬೆಂಗಳೂರೂ ಸೇರಿ 13 ಊರಿಗೆ ಬಿಎಸ್-4 ಬಂತು, ಆಗ ಶಿವಮೊಗ್ಗದಂಥ ಊರಿಗೆ ಬಿಎಸ್-3. ಅಂದ್ರೆ ಒಂದೇ ರಾಜ್ಯದಲ್ಲಿ ಬೆಂಗಳೂರಿನವರಿಗೆ ಒಂದು ಗಾಳಿ ನಮಗೊಂದು ಗಾಳಿ ಅಂತ ನಿಯಮದಲ್ಲೇ ಬರೆದ ಹಾಗೆ, ನನಗಂತೂ ಅದು ಈಗಲೂ ಸರಿ ಕಾಣಲ್ಲ. ಬಿಎಸ್-4 ದೇಶಪೂರ್ತಿ ಆಗಿದ್ದು 2017ರ ಏಪ್ರಿಲ್‌ನಲ್ಲಿ. ಆಮೇಲೆ ಬಿಎಸ್-5 ಬೇಡವೇ ಬೇಡ ಅಂತ ಬಿಟ್ಟು 2020ರ ಏಪ್ರಿಲ್ 1ರಿಂದ ಸೀದಾ ಬಿಎಸ್-6ಕ್ಕೆ ಹಾರಿದ್ರು, ಈ ಸಲ ಹೊಸ ಗಾಡಿಗಳಿಗೆ ಇಡೀ ದೇಶಕ್ಕೆ ಒಂದೇ ದಿನ.

ವ್ಯತ್ಯಾಸ ಕಣ್ಣಾರೆ ನೋಡ್ಬೇಕು ಅಂದ್ರೆ ಹುಲಿಕಲ್ ಘಾಟಿಗೆ ಹೋಗಿ. ಕುಂದಾಪುರ ಕಡೆಯಿಂದ ಲೋಡ್ ತುಂಬ್ಕೊಂಡು ಹತ್ತೋ ಹಳೇ ಲಾರಿ ತಿರುವಲ್ಲಿ ಗೇರ್ ಇಳಿಸಿ ಎಕ್ಸಲರೇಟರ್ ಒತ್ತಿದ ಕೂಡ್ಲೆ ಹಿಂದೆ ಕಪ್ಪು ಮೋಡ ಏಳುತ್ತೆ, ಬೈಕಲ್ಲಿ ಹಿಂದೆ ಇದ್ರೆ ಹೆಲ್ಮೆಟ್ ಗ್ಲಾಸು ಇಳಿಸಿದ್ರೂ ಗಂಟಲು ಕೆರೆಯುತ್ತೆ, ಮನೆಗೆ ಹೋಗಿ ಮೂಗು ಸೀಟಿದ್ರೆ ಕಪ್ಪು. ಅದೇ ತಿರುವಲ್ಲಿ ಅಷ್ಟೇ ಲೋಡಿನ ಹೊಸ ಲಾರಿ ಹತ್ತಿದ್ರೆ ಹಿಂದೆ ಎಂತದೂ ಕಾಣಲ್ಲ, ಬಿಸಿ ಗಾಳಿ ಅಲುಗೋದು ಮಾತ್ರ. ಹೊಸ ಲಾರಿ ಡೀಸೆಲ್ ಟ್ಯಾಂಕ್ ಪಕ್ಕ ನೀಲಿ ಮುಚ್ಚಳದ ಸಣ್ಣ ಟ್ಯಾಂಕ್ ಇರುತ್ತಲ್ಲ, ಅದ್ರಲ್ಲಿ ಇರೋದು ಯೂರಿಯಾ ನೀರು, ಯೂರಿಯಾ 32.5 ಪರ್ಸೆಂಟ್, ಮಿಕ್ಕಿದ್ದು ಶುದ್ಧ ನೀರು. ಡ್ರೈವರುಗಳು ಬಂಕಲ್ಲಿ ಬಕೆಟ್ ಲೆಕ್ಕದಲ್ಲಿ ತಗೊಂಡು ಹಾಕ್ತಾರೆ. ಬಿಸಿ ಹೊಗೆಗೆ ಅದನ್ನ ಸಿಂಪಡಿಸಿದಾಗ ನೈಟ್ರೋಜನ್ ಆಕ್ಸೈಡ್ ಒಡೆದು ಮಾಮೂಲಿ ನೈಟ್ರೋಜನ್ನು, ನೀರಿನ ಆವಿ ಆಗುತ್ತೆ. ಮಸಿ ಹಿಡಿಯೋಕೆ ಬೇರೆ ಫಿಲ್ಟರ್, ಡಿಪಿಎಫ್ ಅಂತಾರೆ, ಅದ್ರಲ್ಲಿ ಮಸಿ ತುಂಬಿದ ಮೇಲೆ ಗಾಡಿ ತಾನೇ ಬಿಸಿ ಏರಿಸಿ ಸುಟ್ಟುಕೊಳ್ಳುತ್ತೆ. ಬರೀ ಶಿವಮೊಗ್ಗದ ಗಾಂಧಿ ಬಜಾರಿಗೂ ಮನೆಗೂ ಓಡಾಡೋ ಡೀಸೆಲ್ ಕಾರಿಗೆ ಇದೇ ತಲೆನೋವು, ಬಿಸಿ ಆಗೋಕೇ ಟೈಮ್ ಸಿಗಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತೆ, ಆಗಾಗ ಭದ್ರಾವತಿ ಕಡೆಗೋ ಸಾಗರದ ಕಡೆಗೋ ಒಂದೇ ಸ್ಪೀಡಲ್ಲಿ ಓಡಿಸಿ ಬಂದ್ರೆ ಸರಿಹೋಗುತ್ತೆ. ಬಹುಪಾಲು ಬೈಕುಗಳಲ್ಲಿ ಆಗಿದ್ದು ಅಂದ್ರೆ ಕಾರ್ಬುರೇಟರ್ ಹೋಗಿ ಫ್ಯುಯಲ್ ಇಂಜೆಕ್ಷನ್ ಬಂತು.

ಹಾಗಾದ್ರೆ ನಿಯಮದಿಂದ ಗಾಳಿ ಶುದ್ಧ ಆಗುತ್ತಾ ಅಂತ ಕೇಳಿದ್ರೆ, ಆಗುತ್ತೆ, ಅದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಪೆಟ್ರೋಲಿಗೆ ಸೀಸ ಬೆರೆಸ್ತಾ ಇದ್ರು, ಮಕ್ಕಳ ಮಿದುಳಿಗೆ ಅದು ನೇರ ವಿಷ, ನಮ್ಮ ದೇಶದಲ್ಲಿ 2000ನೇ ಇಸವಿಯಲ್ಲಿ ಅದು ಪೂರ್ತಿ ನಿಂತಿತು, ಕೊನೆಗೆ 2021ರಲ್ಲಿ ಅಲ್ಜೀರಿಯಾದಲ್ಲೂ ನಿಂತ ಮೇಲೆ ಪ್ರಪಂಚದ ಯಾವ ಬಂಕಲ್ಲೂ ಸೀಸದ ಪೆಟ್ರೋಲ್ ಇಲ್ಲ. ಅಮೆರಿಕದಲ್ಲಿ 1970ರ ದಶಕದ ಕೊನೆಗೆ ಹೋಲಿಸಿದ್ರೆ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ನೂರಕ್ಕೆ 90ಕ್ಕಿಂತ ಜಾಸ್ತಿ ಇಳಿದಿದೆ. ಅದೇ ದೇಶದಲ್ಲಿ 1970ರ ಗಾಳಿ ಕಾನೂನು ಬಂದ 50 ವರ್ಷದಲ್ಲಿ ಆರು ಮುಖ್ಯ ಮಾಲಿನ್ಯಗಳು ಒಟ್ಟು 78 ಪರ್ಸೆಂಟ್ ಇಳಿದವು, ಗಾಡಿಗಳ ಓಡಾಟ ಏರ್ತಾ ಇದ್ರೂ ಕೂಡ. ಕಾನೂನು ಮಾಡಿ ಏನೂ ಪ್ರಯೋಜನ ಇಲ್ಲ ಮಾರಾಯ್ರೆ ಅಂತ ಕೈಚೆಲ್ಲೋರಿಗೆ ನಾನು ಇದನ್ನೇ ತೋರಿಸೋದು.

ಆದ್ರೆ ಎಲ್ಲಾ ನಿಯಮವೂ ಹೀಗೆ ಫಲ ಕೊಡಲ್ಲ. ನೀರನ್ನ ಕೆರೆ ತೂಬಲ್ಲಿ ಕಟ್ಟೋದು ಸುಲಭ, ಒಂದೊಂದು ಗದ್ದೆ ಬದುವಿನ ಮೇಲೆ ನಿಂತು ತಡೆಯೋಕೆ ಆಗಲ್ಲ. ಸೀಸ, ಗಂಧಕ ಎರಡನ್ನೂ ಹಿಡಿದಿದ್ದು ತೂಬಲ್ಲಿ, ಅಂದ್ರೆ ರಿಫೈನರಿಯಲ್ಲಿ. ಗಾಡಿ ಹೊಗೆ ಹಿಡಿದಿದ್ದು ಕಾರ್ಖಾನೆಯಲ್ಲಿ. ಜೊತೆಗೆ ತಾರೀಕು ಅಲ್ಲಾಡಲಿಲ್ಲ, ಕಂಪನಿಗಳು ಇನ್ನಷ್ಟು ಟೈಮ್ ಕೇಳಿದ್ರೂ 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ 2020ರ ಏಪ್ರಿಲ್ 1ರಿಂದ ಬಿಎಸ್-4 ಗಾಡಿ ಮಾರೋ ಹಾಗಿಲ್ಲ ಅಂತ ಹೇಳಿಬಿಟ್ಟಿತು. ತಾರೀಕು ಅಲ್ಲಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ ಕಲ್ಲಿದ್ದಲ ವಿದ್ಯುತ್ ಸ್ಥಾವರಗಳನ್ನ ನೋಡಿ, ಗಂಧಕದ ಹೊಗೆಗೆ 2015ರಲ್ಲಿ ಮಿತಿ ಹಾಕಿದ್ರು, 2017ರೊಳಗೆ ಆಗಬೇಕಿತ್ತು, ಮುಂದೂಡಿ ಮುಂದೂಡಿ 2025ರಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯೇ ಸಿಕ್ತು. ಅವೂ ಎಣಿಸಬಹುದಾದಷ್ಟೇ ಇದ್ವು, ಹಿಡಿಯೋಕೆ ಮನಸ್ಸು ಇರಲಿಲ್ಲ ಅಷ್ಟೇ.

ಟೆಸ್ಟಲ್ಲೇ ಮೋಸ ಆಗೋದೂ ಉಂಟು. 2015ರಲ್ಲಿ ಫೋಕ್ಸ್‌ವ್ಯಾಗನ್ ಸಿಕ್ಕಿಬಿತ್ತಲ್ಲ, ಲ್ಯಾಬಲ್ಲಿ ಟೆಸ್ಟ್ ನಡೀತಿದೆ ಅಂತ ಗೊತ್ತಾದಾಗ ಮಾತ್ರ ಹೊಗೆ ಕಮ್ಮಿ ಮಾಡೋ ಸಾಫ್ಟ್‌ವೇರು, ರಸ್ತೆಗೆ ಬಂದ್ರೆ ಕೆಲವು ಕಾರು ಮಿತಿಗಿಂತ 40 ಪಟ್ಟುವರೆಗೂ ನೈಟ್ರೋಜನ್ ಆಕ್ಸೈಡ್ ಬಿಡ್ತಿದ್ವು. ಅದಾದ ಮೇಲೆ ರಸ್ತೆ ಮೇಲೇ ಓಡಿಸಿ ಅಳೆಯೋ ಪರೀಕ್ಷೆಗೆ ಎಲ್ಲಾ ಕಡೆ ಒತ್ತಾಯ ಜೋರಾಯ್ತು, ನಮ್ಮಲ್ಲಿ 2023ರ ಏಪ್ರಿಲಿಂದ ಕಾರುಗಳಿಗೆ ಅದು ಕಡ್ಡಾಯ, ಬಿಎಸ್-6ರ ಎರಡನೇ ಹಂತ ಅನ್ನೋದು ಅದನ್ನೇ.

ಬದುವಿನ ಮೇಲೆ ನಿಂತು ತಡೆಯೋ ಕೆಲಸ ಅಂದ್ರೆ ಎಮಿಷನ್ ಟೆಸ್ಟು. ಬಂಕ್ ಪಕ್ಕದ ಸಣ್ಣ ರೂಮಲ್ಲಿ ಹುಡುಗ ನಂಬರ್ ಪ್ಲೇಟಿನ ಫೋಟೋ ತೆಗೀತಾನೆ, ಸೈಲೆನ್ಸರಿಗೆ ಪೈಪು ತೂರಿಸ್ತಾನೆ, ಪ್ರಿಂಟ್ ಬರುತ್ತೆ. ಪೆಟ್ರೋಲ್ ಗಾಡಿಗೆ ಕಾರ್ಬನ್ ಮಾನಾಕ್ಸೈಡು, ಹೈಡ್ರೋಕಾರ್ಬನ್ನು ಅಳೆಯುತ್ತೆ, ಡೀಸೆಲ್ ಆದ್ರೆ ಹೊಗೆ ಎಷ್ಟು ದಟ್ಟ ಇದೆ ಅಂತ ಮಾತ್ರ. ಬಿಎಸ್-6ರ ಮುಖ್ಯ ಮಿತಿಗಳಾದ ನೈಟ್ರೋಜನ್ ಆಕ್ಸೈಡ್ ಆಗಲಿ ಸೂಕ್ಷ್ಮ ಕಣದ ತೂಕ ಆಗಲಿ ಆ ಮಷಿನ್ನಿಗೆ ಗೊತ್ತೇ ಆಗಲ್ಲ. ಡಿಪಿಎಫ್ ಕಟ್ಟಿಕೊಂಡಿತು ಅಂತ ಅದನ್ನ ಕಿತ್ತು ಬಿಸಾಕಿಸಿದ ಗಾಡಿಯೂ ಎಷ್ಟೋ ಸಲ ಇಲ್ಲಿ ಪಾಸಾಗುತ್ತೆ, ಹಾಗೆ ಕಿತ್ತುಹಾಕೋದು ಮೋಟಾರು ವಾಹನ ಕಾಯ್ದೆ ಪ್ರಕಾರ ತಪ್ಪು, ಆದ್ರೆ ಬಗ್ಗಿ ನೋಡೋರು ಯಾರು? ಮತ್ತೆ ಬಿಎಸ್-6 ಅನ್ವಯ ಆಗೋದು ಹೊಸದಾಗಿ ಮಾರೋ ಗಾಡಿಗೆ ಮಾತ್ರ. ನಮ್ಮ ಕಡೆ ಒಂದು ಜೀಪು, ಒಂದು ಲಾರಿ ಎಷ್ಟು ವರ್ಷ ಓಡುತ್ತೆ ಅಂತ ಎಲ್ರಿಗೂ ಗೊತ್ತು, ಅವೆಲ್ಲ ಮೂಲೆ ಸೇರೋವರೆಗೂ ನಿಯಮದ ಪೂರ್ತಿ ಫಲ ಸಿಗಲ್ಲ.

ಇನ್ನು ಗಾಡಿಗೆ ಸಂಬಂಧವೇ ಇಲ್ಲದ ಹೊಗೆ. ನಮ್ಮ ದೇಶದಲ್ಲಿ ಪಿಎಂ 2.5 ಅನ್ನೋ ಸೂಕ್ಷ್ಮ ಕಣಕ್ಕೆ ವರ್ಷದ ಸರಾಸರಿ ಮಿತಿ ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಯೋಜನೆಯ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಊರು ಇವೆ, ಅದ್ರಲ್ಲಿ ಪಕ್ಕದ ದಾವಣಗೆರೆ ಒಂದು. ಶಿವಮೊಗ್ಗ ಇಲ್ಲ, ಹಾಗಂತ ಮಲೆನಾಡಿನ ಗಾಳಿ ಅಂದ್ರೆ ಚಿನ್ನ ಅಂತ ಸುಮ್ನೆ ಕೂರೋ ಹಾಗೂ ಇಲ್ಲ. ಅಡಿಕೆ ಸುಗ್ಗಿಯಲ್ಲಿ ತೀರ್ಥಹಳ್ಳಿ ರೋಡಲ್ಲಿ ಸಂಜೆ ಹೋಗಿ ನೋಡಿ, ರಸ್ತೆ ಬದಿಗೆ ಸುರಿದ ಸಿಪ್ಪೆ ರಾಶಿಗೆ ಬೆಂಕಿ ಇಟ್ಟಿರ್ತಾರೆ, ಹಸಿ ಸಿಪ್ಪೆ ಉರಿಯಲ್ಲ, ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತೆ, ಚಳಿಗೆ ಆ ಹೊಗೆ ಮೇಲೆ ಹೋಗದೆ ಮನೆಗಳ ಮಟ್ಟದಲ್ಲೇ ನಿಲ್ಲುತ್ತೆ. ಬಯಲಲ್ಲಿ ಕಸ ಸುಡಬಾರದು ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ, 5 ಸಾವಿರ ದಂಡ, ದೊಡ್ಡ ಮಟ್ಟದಲ್ಲಿ ಸುಟ್ರೆ 25 ಸಾವಿರ. ಮೊದ್ಲೆಲ್ಲ ಮನೆ ಮನೆ ಅಂಗಳದಲ್ಲಿ ಕೂತು ಸುಲೀತಿದ್ರು, ಸಿಪ್ಪೆ ಅವರವರ ತೋಟಕ್ಕೇ ಹೋಗ್ತಿತ್ತು. ಈಗ ಬಹಳಷ್ಟು ಬೆಳೆ ಚೇಣಿಗೆ, ಅಂದ್ರೆ ಮರದಲ್ಲಿರುವಾಗಲೇ ಗುತ್ತಿಗೆಗೆ ಹೋಗುತ್ತೆ, ಸುಲಿಯೋ ಮಷಿನ್ ಇಟ್ಟ ಜಾಗಗಳಲ್ಲಿ ಸಿಪ್ಪೆ ಬೆಟ್ಟದ ಹಾಗೆ ಬೀಳುತ್ತೆ. ಅಂದ್ರೆ ಇಲ್ಲೂ ಈಗ ತೂಬು ಸಿಕ್ಕಿದೆ. ಒಂದು ಪಂಚಾಯ್ತಿಯಲ್ಲಿ ಸುಲಿಯೋ ಮಷಿನ್ ಎಷ್ಟಿವೆ ಅಂತ ಊರಿನೋರಿಗೆಲ್ಲ ಗೊತ್ತು, ಸುಗ್ಗಿಗೆ ಮುಂಚೆನೇ ಸಿಪ್ಪೆ ಎಲ್ಲಿಗೆ ಹೋಗುತ್ತೆ, ಯಾರ ತೋಟಕ್ಕೆ, ಯಾವ ಗೊಬ್ಬರದ ಗುಂಡಿಗೆ ಅಂತ ಅವರ ಹತ್ರ ಬರೆಸಿಕೊಂಡ್ರೆ ರಾಶಿ ರಾಶಿಗೂ ಹೋಗಿ ಬೆಂಕಿ ಆರಿಸೋ ಕೆಲಸ ತಪ್ಪುತ್ತೆ.