ಮಣ್ಣು ಕಾಣದ ಸೊಪ್ಪಿಗೆ ಸತ್ವ ಎಲ್ಲಿಂದ ಬರುತ್ತದೆ?

ಪ್ರಶ್ನೆ: ನಾವು ದಾವಣಗೆರೆಯ ವಿದ್ಯಾನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದೇವೆ. ಕುಂಡ ಇಡಲು ಜಾಗವಿಲ್ಲ. ಮಣ್ಣು ಮೇಲೆ ಹೊತ್ತು ತರಲು ಮನೆಯ ಮಾಲೀಕರು ಒಪ್ಪುವುದಿಲ್ಲ. ಎಳೆ ಸಸಿಯಾಗಿರುವಾಗಲೇ ಕೊಯ್ದು ತಿನ್ನುವ ಮೈಕ್ರೋಗ್ರೀನ್ಸ್ ಸೊಪ್ಪನ್ನು ಮಣ್ಣಿಲ್ಲದೆ ಬೆಳೆಯೋಣ ಎಂದರೆ ನಮ್ಮ ಅತ್ತೆ ನಗುತ್ತಾರೆ. ‘ಮಣ್ಣು ಕಾಣದ ಸೊಪ್ಪಿನಲ್ಲಿ ಏನಿರುತ್ತದೆ? ನೀರು ಕುಡಿದು ಬೆಳೆದದ್ದು ನೀರೇ’ ಎನ್ನುತ್ತಾರೆ. ಅವರ ಮಾತು ನಿಜವೇ?

ಉತ್ತರ: ಅರ್ಧ ನಿಜ. ಯಾವ ಅರ್ಧ ಎಂಬುದು ಗೊತ್ತಾದರೆ ಬೆಳೆಯುವ ಕ್ರಮವೂ ಮುಕ್ಕಾಲು ಗೊತ್ತಾದ ಹಾಗೆ. ಆದ್ದರಿಂದ ಮೊದಲು ಅತ್ತೆಯವರ ಮಾತನ್ನೇ ಎತ್ತಿಕೊಳ್ಳುತ್ತೇನೆ.

ರಾತ್ರಿ ನೆನೆಹಾಕಿದ ಮೆಂತ್ಯದ ಒಂದು ಕಾಳನ್ನು ಬೆಳಿಗ್ಗೆ ಉಗುರಿನಿಂದ ಸೀಳಿ ನೋಡಿ. ಸಿಪ್ಪೆ ಜಾರಿದ ಕೂಡಲೇ ಬೆರಳಿಗೆ ತಿಳಿಯಾದ ಲೋಳೆ ಅಂಟುತ್ತದೆ. ಅದರೊಳಗೆ ಹಳದಿ ಬಣ್ಣದ ಎರಡು ದಪ್ಪ ದಳಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಅವುಗಳ ಅಂಚಿಗೆ ಮೈ ಬಾಗಿಸಿಕೊಂಡು ಬೇರಿನ ಮೊಳಕೆ ಕೂತಿರುತ್ತದೆ. ಆ ಲೋಳೆ ಮತ್ತು ಆ ದಳಗಳು ತಾಯಿಗಿಡ ಸಸಿಗೆ ಕಟ್ಟಿಕೊಟ್ಟ ಬುತ್ತಿ. ಹೆಸರುಕಾಳಿನಲ್ಲಿ ಬುತ್ತಿ ಬಹುಮಟ್ಟಿಗೆ ಪಿಷ್ಟ. ಸಾಸಿವೆ, ಸೂರ್ಯಕಾಂತಿಗಳಲ್ಲಿ ಎಣ್ಣೆ. ಚಳ್ಳಕೆರೆಯ ಎಣ್ಣೆ ಗಿರಣಿಗಳಲ್ಲಿ ಹಿಂಡಿ ತೆಗೆಯುವುದು ಇದೇ ಬುತ್ತಿಯನ್ನು. ನೀರು ತಾಗಿದ ಮೇಲೆ ಬೀಜದ ಕಿಣ್ವಗಳು ಈ ದಾಸ್ತಾನನ್ನು ಸಕ್ಕರೆಯಾಗಿ ಒಡೆದು ಬೇರಿಗೂ ಕಾಂಡಕ್ಕೂ ಕಳಿಸತೊಡಗುತ್ತವೆ. ಮೊದಲ ಎಂಟು ಹತ್ತು ದಿನ ಸಸಿ ಉಣ್ಣುವುದು ಮುಖ್ಯವಾಗಿ ಇದನ್ನೇ. ಹೊಲದಲ್ಲಿ ಬಿತ್ತಿದ ಬೀಜವೂ ಆ ದಿನಗಳಲ್ಲಿ ಮಾಡುವುದು ಅಷ್ಟನ್ನೇ.

ಮೈಕ್ರೋಗ್ರೀನ್ಸ್ ಎಂದರೆ ಈ ಬುತ್ತಿ ಮುಗಿಯುವ ಹೊತ್ತಿಗೆ ಕೊಯ್ಯುವ ಸೊಪ್ಪು. ಬೀಜದಳಗಳು ಪೂರ್ತಿ ಅರಳಿ, ಅವುಗಳ ನಡುವೆ ಮೊದಲ ನಿಜ ಎಲೆ ಇಣುಕುವ ಹಂತದಲ್ಲಿ ಬುಡದ ಮೇಲೆ ಕತ್ತರಿಸುತ್ತೇವೆ. ಮಣ್ಣಿನ ಗೊಬ್ಬರಕ್ಕೆ ಸಸಿ ಕೈಚಾಚುವ ಮೊದಲೇ ಅದು ತಟ್ಟೆಗೆ ಬಂದಿರುತ್ತದೆ. ಹೀಗಿರುವಾಗ ‘ಪೋಷಕಾಂಶದ ದ್ರಾವಣ’ ಎಂದು ಬಾಟಲಿಯಲ್ಲಿ ಮಾರುವುದಕ್ಕೆ ದುಡ್ಡು ಸುರಿಯಬೇಡಿ. ಮೂರ್ನಾಲ್ಕು ವಾರ ಇಟ್ಟುಕೊಂಡು ದೊಡ್ಡದು ಮಾಡುವವರಿಗೆ ಅದು ಬೇಕಾದೀತು, ನಿಮಗೆ ಬೇಡ.

ಹಾಗಾದರೆ ಅತ್ತೆಯವರು ಹೇಳಿದ್ದರಲ್ಲಿ ನಿಜ ಯಾವುದು? ಖನಿಜಗಳ ಲೆಕ್ಕ. ಕಬ್ಬಿಣ, ಸುಣ್ಣದಂಶ, ಸತುವು ಇವನ್ನು ಸಸಿ ಹುಟ್ಟಿಸಲಾರದು. ಬೀಜದಲ್ಲಿ ಎಷ್ಟಿತ್ತೋ ಅಷ್ಟು, ಜೊತೆಗೆ ನೀರಿನಲ್ಲಿ ಕರಗಿ ಬಂದದ್ದು ಸ್ವಲ್ಪ. ಕತ್ತಲೆಯಲ್ಲಿ ಬೆಳೆಯುವಷ್ಟು ದಿನ ಸಸಿಯ ಒಣ ತೂಕ ಬೀಜದ ತೂಕಕ್ಕಿಂತ ಕಡಿಮೆಯಾಗುತ್ತಲೇ ಹೋಗುತ್ತದೆ, ಏಕೆಂದರೆ ಅದು ಉಸಿರಾಡುತ್ತಾ ಬುತ್ತಿಯನ್ನು ಕರಗಿಸುತ್ತಿರುತ್ತದೆ. ಕಣ್ಣಿಗೆ ಕಾಣುವ ಹುಲುಸು ಬಹುಪಾಲು ನೀರೇ. ಅಲ್ಲಿಗೆ ಅತ್ತೆಯವರು ಗೆದ್ದರು.

ಸೋತದ್ದು ವಿಟಮಿನ್ ವಿಷಯದಲ್ಲಿ. ಒಣ ಕಾಳಿನಲ್ಲಿ ಸಿ ವಿಟಮಿನ್ ಇಲ್ಲವೆಂದೇ ಹೇಳಬೇಕು. ಮೊಳಕೆಯೊಡೆದ ಮೇಲೆ ಅದು ಹೊಸದಾಗಿ ತಯಾರಾಗುತ್ತದೆ, ಅದೂ ಬರೀ ನೀರು ಸಿಕ್ಕರೆ ಸಾಕು. ಮೊದಲ ಮಹಾಯುದ್ಧದ ಕಾಲದಲ್ಲಿ ಮೆಸೊಪೊಟೇಮಿಯಾದಲ್ಲಿ (ಇಂದಿನ ಇರಾಕ್) ಹೋರಾಡುತ್ತಿದ್ದ ಭಾರತೀಯ ಸಿಪಾಯಿಗಳು ಹಸಿ ತರಕಾರಿ ಸಿಗದೆ, ಸಿ ವಿಟಮಿನ್ ಕೊರತೆಯಿಂದ ಬರುವ ಸ್ಕರ್ವಿ ರೋಗದಿಂದ ನರಳಿದರು. ಅವರ ಬಳಿ ಒಣ ಕಾಳುಬೇಳೆ ಇತ್ತು. ಅದೇ ಸಮಯದಲ್ಲಿ ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಮತ್ತು ಮಾರ್ಗರೆಟ್ ಹ್ಯೂಮ್ ಎಂಬ ವಿಜ್ಞಾನಿಗಳು, ಅದೇ ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಸ್ಕರ್ವಿ ತಡೆಯುತ್ತದೆ ಎಂದು ಪ್ರಯೋಗ ಮಾಡಿ ತೋರಿಸಿದರು. ಮಣ್ಣಿನ ಮಾತೇ ಅಲ್ಲಿರಲಿಲ್ಲ.

ಇನ್ನು ಹಸಿರು. ನವರಾತ್ರಿಗೆ ಘಟ್ಟ ಹಾಕುವ ರೂಢಿ ನಿಮ್ಮ ಮನೆಯಲ್ಲಿದ್ದರೆ, ದೇವರ ಕೋಣೆಯ ಮಬ್ಬಿನಲ್ಲಿ ಸಸಿಗಳು ಬಿಳಿಹಳದಿಯಾಗಿ ಎದ್ದು ನಿಲ್ಲುವುದನ್ನು ಅತ್ತೆಯವರು ನಿಮಗಿಂತ ಚೆನ್ನಾಗಿ ಬಲ್ಲರು. ಅಲ್ಲಿ ಮಣ್ಣಿದೆ, ಬೆಳಕಿಲ್ಲ. ಹಾಗಾಗಿ ಹಸಿರೂ ಇಲ್ಲ. ಬೆಳಕು ಬಿದ್ದ ಮೇಲೆಯೇ ಪತ್ರಹರಿತ್ತು ಮೂಡುತ್ತದೆ, ಎ ವಿಟಮಿನ್ ಆಗಿ ಮಾರ್ಪಡುವ ಕ್ಯಾರೋಟಿನ್ ಹೆಚ್ಚುತ್ತದೆ, ಸಸಿ ಗಾಳಿಯಿಂದ ಇಂಗಾಲ ತೆಗೆದುಕೊಂಡು ಸ್ವಂತ ಅಡುಗೆ ಶುರುಮಾಡುತ್ತದೆ. ಇನ್ನೊಂದು ಲಾಭವೂ ಇದೆ: ಕಾಳಿನಲ್ಲಿ ಕಬ್ಬಿಣ ಮತ್ತು ಸತುವನ್ನು ಹಿಡಿದಿಟ್ಟುಕೊಳ್ಳುವ ಫೈಟಿಕ್ ಆಮ್ಲ ಮೊಳೆಯುವಾಗ ಒಡೆಯುತ್ತದೆ. ಖನಿಜ ಹೆಚ್ಚಾಗದಿದ್ದರೂ ಇದ್ದದ್ದು ಮೈಗೆ ಹತ್ತುತ್ತದೆ.

ಮೊಬೈಲಿನಲ್ಲಿ ಹರಿದಾಡುವ ‘ನಲವತ್ತು ಪಟ್ಟು ಪೌಷ್ಟಿಕ’ ಎಂಬ ಮಾತನ್ನು ಮಾತ್ರ ಅತ್ತೆಯವರ ಮುಂದೆ ಆಡಬೇಡಿ. ಅದರ ಮೂಲ, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಕೃಷಿ ಇಲಾಖೆಯ ಸಂಶೋಧಕರು 25 ಬಗೆಯ ಸಸಿಗಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ. ನಲವತ್ತು ಪಟ್ಟು ಎಂಬುದು ಕೆಂಪು ಎಲೆಕೋಸಿನ ಸಸಿಯ ಇ ವಿಟಮಿನ್‌ಗೆ ಸಂಬಂಧಿಸಿದ್ದು, ಎಲ್ಲ ಸೊಪ್ಪಿನ ಎಲ್ಲ ಸತ್ವಕ್ಕಲ್ಲ. ನಮಗೆ ಹತ್ತಿರದ ಸುದ್ದಿಯೊಂದು ಅದರಲ್ಲಿದೆ: ಕ್ಯಾರೋಟಿನ್ ಮತ್ತು ಅದೇ ಬಳಗದ ಲ್ಯೂಟಿನ್‌ನಲ್ಲಿ ಮುಂಚೂಣಿಯಲ್ಲಿ ನಿಂತದ್ದು ಕೊತ್ತಂಬರಿ. ಅಷ್ಟಾದರೂ ಒಂದು ಹೊತ್ತಿಗೆ ನಾವು ತಿನ್ನುವುದು ಒಂದು ಹಿಡಿ. ಸಂತೆಯಿಂದ ತರುವ ಹರಿವೆ, ಪಾಲಕ್, ನುಗ್ಗೆಸೊಪ್ಪಿನ ಪಲ್ಯ ನಿಲ್ಲಿಸಿ ಇದನ್ನೇ ನೆಚ್ಚಿಕೊಳ್ಳುವುದು ಜಾಣತನವಲ್ಲ.

ಈಗ ಬೆಳೆಯುವ ವಿಷಯ. ಎಂಟು ದಿನದ ಬೆಳೆಗೆ ಮಣ್ಣು ಮಾಡುತ್ತಿದ್ದ ಕೆಲಸ ಎರಡೇ: ಬೇರಿನ ಹತ್ತಿರ ತೇವ ಹಿಡಿದಿಡುವುದು, ಅದೇ ಹೊತ್ತಿಗೆ ಬೇರಿಗೆ ಗಾಳಿ ಬಿಡುವುದು. ಮಣ್ಣು ತೆಗೆದ ಮೇಲೆ ಆ ಎರಡನ್ನೂ ನೀವು ಮಾಡಬೇಕು. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಕೆಡುವ ಬೆಳೆಯಲ್ಲಿ ಹೆಚ್ಚಿನದು ನೀರಿಲ್ಲದೆ ಒಣಗಿದ್ದಲ್ಲ, ನೀರಿನಲ್ಲಿ ಮುಳುಗಿ ಉಸಿರುಕಟ್ಟಿದ್ದು.

ಮೆಂತ್ಯಕ್ಕೆ ಬಟ್ಟೆಯೇ ಸಾಕು. ಹಿಂದೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರಿನಲ್ಲಿ ಹಳೆಯ ಹತ್ತಿ ಪಂಚೆಗೇನು ಬರ! ಒಂದು ತುಂಡನ್ನು ಕುದಿಯುವ ನೀರಿನಲ್ಲಿ ಹಾಕಿ ತೆಗೆದು, ಎರಡು ಮಡಿಕೆ ಮಾಡಿ, ತೂತಿರುವ ತಟ್ಟೆಯ ಮೇಲೋ ಅಗಲ ಜರಡಿಯ ಮೇಲೋ ಹಾಸಿ. ಕೆಳಗೆ ನೀರು ಸೋರಿ ಬೀಳಲು ಇನ್ನೊಂದು ಪಾತ್ರೆ ಇರಲಿ. ಎಂಟು ಗಂಟೆ ನೆನೆಸಿದ ಮೆಂತ್ಯವನ್ನು ಲೋಳೆ ಹೋಗುವವರೆಗೆ ಎರಡು ಮೂರು ನೀರಿನಲ್ಲಿ ತೊಳೆದು ಹರಡಿ. ಕಾಳಿನ ಮೇಲೆ ಕಾಳು ಕೂರಬಾರದು. ಸಾಸಿವೆಯಾದರೆ ನೆನೆಸುವ ಅಗತ್ಯವೂ ಇಲ್ಲ; ಊಟದ ತಟ್ಟೆಯಷ್ಟು ಅಗಲಕ್ಕೆ ಒಂದೂವರೆ ಟೀ ಚಮಚ ಸಾಕು. ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಒಂದಿಷ್ಟು ಭಾರ ಹೇರಿ ಎರಡು ಮೂರು ದಿನ ಬಿಡಿ. ಭಾರ ಇದ್ದರೆ ಬೇರು ಮೇಲೇಳದೆ ಬಟ್ಟೆಯೊಳಕ್ಕೆ ಇಳಿಯುತ್ತದೆ, ಸಸಿಗಳೆಲ್ಲ ಒಂದೇ ಎತ್ತರಕ್ಕೆ ಏಳುತ್ತವೆ. ಆಮೇಲೆ ಮುಚ್ಚಳ ತೆಗೆದು ನೇರ ಬಿಸಿಲಿಲ್ಲದ ಕಿಟಕಿಯ ಪಕ್ಕ ಇಡಿ.

ಬೇರು ಕಚ್ಚಿಕೊಂಡ ಮೇಲೆ ಮೇಲಿನಿಂದ ನೀರು ಚಿಮುಕಿಸುವುದನ್ನು ನಿಲ್ಲಿಸಬೇಕು. ಕೆಳಗಿನ ಪಾತ್ರೆಗೆ ಬಟ್ಟೆ ತಾಗುವಷ್ಟು ನೀರು ಹಾಕಿ, ಹತ್ತು ನಿಮಿಷ ಬಿಟ್ಟು, ಉಳಿದದ್ದನ್ನು ಚೆಲ್ಲಿ. ಆ ಚೆಲ್ಲುವುದೇ ಮುಖ್ಯ. ಸಾಸಿವೆ, ಮೂಲಂಗಿ ಒಂದು ವಾರದ ಆಸುಪಾಸಿನಲ್ಲಿ ಕೊಯ್ಲಿಗೆ ಬರುತ್ತವೆ, ಮೆಂತ್ಯ ಎಂಟು ಹತ್ತು ದಿನಕ್ಕೆ. ಕೊತ್ತಂಬರಿ ಎರಡು ಮೂರು ವಾರ ಕಾಯಿಸುತ್ತದೆ, ಕಾಳನ್ನು ಮೊದಲು ಲಟ್ಟಣಿಗೆಯಿಂದ ಒತ್ತಿ ಎರಡು ಹೋಳು ಮಾಡಬೇಕು. ಅದಕ್ಕೂ ಸೂರ್ಯಕಾಂತಿಗೂ ಬಟ್ಟೆ ಸಾಲದು, ತೆಂಗಿನ ನಾರಿನ ಪುಡಿ ಬೇಕು. ಅಂಗಡಿಯಲ್ಲಿ ಕೋಕೋಪೀಟ್ ಎಂದು ಇಟ್ಟಿಗೆಯಾಕಾರದಲ್ಲಿ ಸಿಗುವುದು ಇದೇ. ಅದರಲ್ಲಿ ಉಪ್ಪಿನಂಶ ಇರುವುದುಂಟು. ನೆನೆಸಿ, ಕಂದು ನೀರು ತಿಳಿಯಾಗುವವರೆಗೆ ಹಿಂಡಿ ತೊಳೆದೇ ಬಳಸಿ. ಟಿಶ್ಯೂ ಕಾಗದ ನನಗೆ ಹಿಡಿಸುವುದಿಲ್ಲ. ನಮ್ಮ ಕಡೆಯ ಗಾಳಿಗೆ ಅದು ಮಧ್ಯಾಹ್ನದೊಳಗೆ ಒಣಗಿ ಹಪ್ಪಳವಾಗುತ್ತದೆ.

ಮೂರನೆಯ ದಿನ ಮುಚ್ಚಳ ತೆಗೆದಾಗ ಬೇರಿನ ಸುತ್ತ ಬಿಳಿ ನವಿರು ಕಾಣುತ್ತದೆ. ‘ಬೂಷ್ಟು ಹಿಡಿಯಿತು’ ಎಂದು ಎಷ್ಟೋ ಮಂದಿ ಅಲ್ಲೇ ಎಸೆದುಬಿಡುತ್ತಾರೆ. ದುಡುಕಬೇಡಿ. ಕಣ್ಣು ಹತ್ತಿರ ತಂದು ನೋಡಿ: ಆ ಎಳೆಗಳು ಒಂದೊಂದು ಬೇರಿನ ಸುತ್ತಲೂ ಸಮನಾಗಿ, ಬೇರಿನಿಂದ ಹೊರಕ್ಕೆ ನೇರವಾಗಿ ಚಾಚಿಕೊಂಡಿವೆಯೇ? ಹಾಗಿದ್ದರೆ ಅವು ಬೇರುರೋಮ. ತೇವ ಹುಡುಕಲು ಸಸಿ ಬಿಟ್ಟದ್ದು. ಮೂಲಂಗಿಯಲ್ಲಂತೂ ದಟ್ಟವಾಗಿರುತ್ತವೆ. ಸ್ವಲ್ಪ ನೀರು ಚಿಮುಕಿಸಿದರೆ ಬೇರಿಗೆ ಅಂಟಿಕೊಂಡು ಕಣ್ಮರೆಯಾಗುತ್ತವೆ. ಬೂಷ್ಟು ಹಾಗಲ್ಲ. ಅದು ಒಂದು ಕಾಳಿನಿಂದ ಇನ್ನೊಂದಕ್ಕೆ, ಬೇರು ಬಟ್ಟೆ ಎನ್ನದೆ ಬಲೆ ಹೆಣೆಯುತ್ತದೆ, ನೀರು ಬಿದ್ದರೂ ಮಾಯವಾಗುವುದಿಲ್ಲ, ಮುಗ್ಗಲು ವಾಸನೆ ಹೊಡೆಯುತ್ತದೆ. ಅದು ಕಂಡರೆ ಒಂದು ಮೂಲೆಯದನ್ನು ಕಿತ್ತು ಉಳಿದದ್ದನ್ನು ಉಳಿಸಿಕೊಳ್ಳುವ ಆಸೆ ಬೇಡ, ಪೂರ್ತಿ ಎಸೆಯಿರಿ.

ನಮ್ಮ ಸೀಮೆಯಲ್ಲಿ ನವೆಂಬರಿನಿಂದ ಫೆಬ್ರುವರಿ ಇದಕ್ಕೆ ಹೇಳಿಮಾಡಿಸಿದ ಕಾಲ. ಏಪ್ರಿಲ್‌ನಲ್ಲಿ ದಾವಣಗೆರೆಯ ಉಷ್ಣಾಂಶ 38 ಡಿಗ್ರಿಯ ಆಸುಪಾಸಿಗೆ ಹೋದಾಗ ಕಿಟಕಿಯ ಪಕ್ಕ ಇಟ್ಟ ಸಸಿ ಬೆಂದುಹೋಗುತ್ತದೆ. ಆಗ ನೆಲದ ಮೇಲೆ, ಮನೆಯ ತಂಪು ಮೂಲೆಯಲ್ಲಿ ಇಡಬೇಕು. ಕಾಳು ನೆನೆಯುವ ಅವಧಿಯನ್ನೂ ತಗ್ಗಿಸಬೇಕು, ಇಲ್ಲದಿದ್ದರೆ ಹುಳಿ ಬರುತ್ತದೆ. ಮಳೆಗಾಲದ ಜಡಿಯಲ್ಲಿ ತೊಂದರೆ ತಿರುಗುಮುರುಗು. ತೇವ ಆರುವುದೇ ಇಲ್ಲ. ಕಾಳು ವಿರಳವಾಗಿ ಹರಡಿ, ಫ್ಯಾನಿನ ಗಾಳಿ ತಾಗುವಂತಿಡಿ.

ನೀರಿನ ಬಗ್ಗೆ ಒಂದು ಮಾತು. ದಾವಣಗೆರೆಯಲ್ಲಿ ನಲ್ಲಿ ನೀರು ಬರುವ ಮನೆಗಳಿಗೆ ಚಿಂತೆ ಕಡಿಮೆ. ಚಿತ್ರದುರ್ಗ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಕುದಿಸಿದರೂ ಅದು ಹೋಗುವುದಿಲ್ಲ. ಗಡಸು ನೀರಾದರೆ ಬಟ್ಟೆಯ ಅಂಚಿನಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಅಲ್ಲಿಯವರು ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನೇ ಇದಕ್ಕೂ ಬಳಸಲಿ. ದಿನಕ್ಕೆ ಬೇಕಾಗುವುದು ಒಂದೆರಡು ಲೋಟ ಮಾತ್ರ.

ಬೀಜ ಎಲ್ಲಿಂದ ತರುವುದು ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಸಾಸಿವೆ, ಮೆಂತ್ಯ, ಹೆಸರು, ಅಲಸಂದೆ ಇವನ್ನೆಲ್ಲ ಚೌಕಿಪೇಟೆಯ ಕಿರಾಣಿ ಅಂಗಡಿಯಿಂದ ತಂದರಾಯಿತು. ಒಂದು ಹಿಡಿ ಕಾಳನ್ನು ಮೊದಲು ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳೆಯುತ್ತದೆಯೇ ಎಂದು ನೋಡಿಕೊಳ್ಳಿ. ಬಿತ್ತನೆ ಬೀಜದ ಪೊಟ್ಟಣ ಮಾತ್ರ ಬೇಡ. ಮೆಕ್ಕೆಜೋಳ ಬಿತ್ತುವ ಮನೆಗಳವರಿಗೆ ಗೊತ್ತು, ಆ ಬೀಜಕ್ಕೆ ಗುಲಾಬಿಯೋ ಹಸಿರೋ ಬಣ್ಣ ಹಚ್ಚಿರುತ್ತದೆ. ಅದು ಬೀಜೋಪಚಾರ ಆದದ್ದರ ಗುರುತು, ಬಣ್ಣದ ಜೊತೆ ಶಿಲೀಂಧ್ರನಾಶಕವಿರುತ್ತದೆ. ಹೊಲದಲ್ಲಿ ತಿಂಗಳುಗಟ್ಟಲೆ ಬೆಳೆಯುವ ಬೆಳೆಗೆ ಅದು ಸರಿ, ವಾರದಲ್ಲಿ ಬಾಯಿಗೆ ಬರುವ ಸಸಿಗೆ ಅಲ್ಲ.

ಎಲ್ಲ ಕಾಳಿನ ಸಸಿಯೂ ತಿನ್ನುವಂಥದ್ದಲ್ಲ. ಮನೆಯಲ್ಲಿ ಜೋಳ ಇದೆಯಲ್ಲ ಎಂದು ಅದನ್ನು ಮೊಳೆಯಿಸಿ ಸೊಪ್ಪು ಕೊಯ್ಯಬೇಡಿ. ಎಳೆ ಜೋಳದ ಹೊಲಕ್ಕೆ ರೈತರು ದನ ಬಿಡದಿರುವುದಕ್ಕೆ ಕಾರಣವಿದೆ: ಜೋಳದ ಎಳೆಯ ಚಿಗುರಿನಲ್ಲಿರುವ ಧುರ್ರಿನ್ ಎಂಬ ವಸ್ತು ಒಡೆದರೆ ಸೈನೈಡ್ ಹುಟ್ಟುತ್ತದೆ. ದನಕ್ಕೆ ಆಗದ್ದು ನಮಗೂ ಬೇಡ. ಟೊಮೆಟೊ, ಬದನೆ, ಮೆಣಸಿನಕಾಯಿಯ ಸಸಿಗಳನ್ನೂ ಬಿಡಿ. ರಾಜ್ಮಾವನ್ನು ಹಸಿಯಾಗಿ ಯಾವ ರೂಪದಲ್ಲೂ ತಿನ್ನಬಾರದು.

ಶುಚಿತ್ವವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬೆಚ್ಚಗಿನ ತೇವ ಬೀಜಕ್ಕೆ ಹಿತವಾದಷ್ಟೇ ರೋಗಾಣುವಿಗೂ ಹಿತ. 2011ರಲ್ಲಿ ಜರ್ಮನಿಯಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ತನಿಖೆ ಕೊನೆಗೆ ಬಂದು ಮುಟ್ಟಿದ್ದು ಮೆಂತ್ಯದ ಮೊಳಕೆಯನ್ನು. ಬುಡದ ಮೇಲೆ ಕತ್ತರಿಸುವ ಸೊಪ್ಪಿನಲ್ಲಿ ಬೇರುಸಮೇತ ತಿನ್ನುವ ಮೊಳಕೆಗಿಂತ ಅಪಾಯ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಕೈ ತೊಳೆದು ಮುಟ್ಟಿ, ಶುಚಿಯಾದ ಕತ್ತರಿ ಬಳಸಿ, ಬಟ್ಟೆಯನ್ನು ಪ್ರತಿ ಬೆಳೆಗೂ ಕುದಿಸಿ. ಬಸುರಿಯರಿಗೆ, ಪುಟ್ಟ ಮಕ್ಕಳಿಗೆ, ತೀರಾ ವಯಸ್ಸಾದವರಿಗೆ ಹಸಿಯಾಗಿ ಕೊಡದೆ ಸಾರಿಗೋ ಪಲ್ಯಕ್ಕೋ ಹಾಕಿ ಬೇಯಿಸಿ ಕೊಡುವುದು ಒಳ್ಳೆಯದು. ಸಿ ವಿಟಮಿನ್ ಒಂದಿಷ್ಟು ಹೋಗುತ್ತದೆ, ಹೋಗಲಿ.

ಉಳಿದವರು ಹಸಿಯಾಗಿಯೇ ತಿನ್ನಬಹುದು. ಜೋಳದ ರೊಟ್ಟಿಯ ಜೊತೆ ಹಸಿ ಮೆಂತ್ಯಸೊಪ್ಪು ಕಚ್ಚಿಕೊಂಡು ತಿನ್ನುವವರಿಗೆ ಮೆಂತ್ಯದ ಸಸಿ ಹೊಸದೇನಲ್ಲ, ಕಹಿ ಇನ್ನೂ ಮೆದು. ಸಾಸಿವೆಯ ಸಸಿಗೆ ಮೂಗಿಗೇರುವ ಘಾಟಿದೆ. ಖಾರ ಮಂಡಕ್ಕಿಗೆ ಈರುಳ್ಳಿಯ ಜೊತೆ ಹೆಚ್ಚಿ ಹಾಕಿದರೆ ನನಗೆ ಬೇರೇನೂ ಬೇಡ. ತಿನ್ನುವ ಹೊತ್ತಿಗೇ ಕೊಯ್ಯಿರಿ. ತೊಳೆದು ಒದ್ದೆಯಾಗಿಯೇ ಫ್ರಿಜ್ಜಿನಲ್ಲಿಟ್ಟರೆ ಕೊಳೆಯುತ್ತದೆ.

ಕೊಯ್ದ ಮೇಲೆ ಬುಡ ಮತ್ತೆ ಚಿಗುರೀತೆಂದು ನೀರು ಹಾಕುತ್ತಾ ಕೂರಬೇಡಿ. ಬುತ್ತಿಯೂ ಮುಗಿದಿದೆ, ಚಿಗುರುವ ಕುಡಿಯೂ ನಿಮ್ಮ ಕತ್ತರಿಯ ಜೊತೆ ಹೋಗಿದೆ. ಬೇರಿನ ಚಾಪೆಯನ್ನು ಬಟ್ಟೆಯಿಂದ ಸುಲಿದು ಕೆಳಮನೆಯವರ ತೆಂಗಿನ ಬುಡಕ್ಕೆ ಹಾಕಿ, ಮಾಲೀಕರ ಅಪ್ಪಣೆ ಸಿಕ್ಕರೆ.