ಮೀಸೆ ಬಿಡಲು ಯಾರ ಅಪ್ಪಣೆ ಬೇಕು?

2017ರ ಸೆಪ್ಟೆಂಬರ್ ಕೊನೆಯ ವಾರ. ಗುಜರಾತಿನ ಗಾಂಧಿನಗರ ಜಿಲ್ಲೆಯ ಲಿಂಬೋದರಾ ಹಳ್ಳಿಯಿಂದ ಪೊಲೀಸರಿಗೆ ದೂರು ಬಂತು. ಮೀಸೆ ಬಿಟ್ಟಿದ್ದಾರೆ ಅನ್ನುವ ಕಾರಣಕ್ಕೆ ದಲಿತ ಯುವಕರ ಮೇಲೆ ಮೇಲ್ಜಾತಿಯವರು ಹಲ್ಲೆ ಮಾಡಿದ್ದಾರೆ ಎಂಬುದು ಆರೋಪ. ಕೆಲವೇ ದಿನಗಳಲ್ಲಿ ಆ ರಾಜ್ಯದ ಎಷ್ಟೋ ದಲಿತ ಹುಡುಗರ ವಾಟ್ಸಾಪ್ ಚಿತ್ರ ಬದಲಾಯಿತು. ತಿರುವಿದ ಒಂದು ಮೀಸೆ, ಒಂದು ಕಿರೀಟ, ಜೊತೆಗೆ 'ಮಿಸ್ಟರ್ ದಲಿತ್' ಎಂಬ ಎರಡು ಪದ. ಇನ್ನು ಕೆಲವರು ತಮ್ಮದೇ ಮೀಸೆ ತಿರುವುತ್ತಾ ಸೆಲ್ಫಿ ತೆಗೆದು ಹಾಕಿದರು.

ಮೂಗಿನ ಕೆಳಗೆ ತಾನಾಗಿ ಬೆಳೆಯುವ ಕೂದಲು ಅದು. ಬಿಟ್ಟರೂ, ತೆಗೆದರೂ ಪಕ್ಕದ ಮನೆಯವರಿಗೆ ಕಿಂಚಿತ್ತೂ ನಷ್ಟವಿಲ್ಲ. ಅದಕ್ಕಾಗಿ ಕೈ ಎತ್ತುವಷ್ಟು ಸಿಟ್ಟು ಎಲ್ಲಿಂದ ಬರುತ್ತದೆ? ಇದು ಗುಜರಾತಿನ ಒಂದು ಹಳ್ಳಿಯ ಕಥೆ ಅಂದುಕೊಂಡು ಸುಮ್ನೆ ಬಿಡುವ ಹಾಗಿಲ್ಲ. ಗಂಡಸಿನ ಮುಖದ ಕೂದಲಿನ ಮೇಲೆ ಅಧಿಕಾರ ಇರುವವರು ಹಿಂದಿನಿಂದಲೂ ಕಣ್ಣಿಟ್ಟಿದ್ದಾರೆ. ಒಮ್ಮೆ ಬೋಳಿಸು ಎಂದರು, ಇನ್ನೊಮ್ಮೆ ಬಿಡಲೇಬೇಕು ಎಂದರು. ಎರಡು ಸಲವೂ ಹೇಳಿದ್ದು ಒಂದೇ: ನಿನ್ನ ಮುಖ ಹೇಗಿರಬೇಕು ಅನ್ನೋದನ್ನ ನಾವು ಹೇಳ್ತೀವಿ.

ನಮ್ಮ ಮಾತಿನಲ್ಲೇ ಮೀಸೆಗೆ ಎಷ್ಟು ಬೆಲೆ ಇದೆ ನೋಡಿ. ಗೆದ್ದವನು ಮೀಸೆ ತಿರುವುತ್ತಾನೆ. ಪಂಥ ಕಟ್ಟುವವನು 'ಸೋತರೆ ಅರ್ಧ ಮೀಸೆ ಬೋಳಿಸ್ತೀನಿ' ಅನ್ನುತ್ತಾನೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಚಿಗುರು ಮೀಸೆ, ಹುರಿ ಮೀಸೆ, ಗಿರಿಜಾ ಮೀಸೆ ಅಂತ ಒಂದೊಂದು ರೂಪಕ್ಕೂ ಹೆಸರಿದೆ. ತಂದೆ ತೀರಿಕೊಂಡಾಗ ಮಗ ತಲೆಯ ಜೊತೆ ಮೀಸೆಯನ್ನೂ ತೆಗೆಸುವ ರೂಢಿ ಅನೇಕ ಸಮುದಾಯಗಳಲ್ಲಿದೆ. ಅಂಥ ಕಡೆ ಒಬ್ಬನ ಮೀಸೆಯನ್ನು ಬಲವಂತವಾಗಿ ಬೋಳಿಸುವುದೆಂದರೆ ಅವನಿಗೆ ಸೂತಕ ಹೊರಿಸಿದ ಹಾಗೆ.

ಹಾಗಂತ ಮೀಸೆ ಇದ್ದವನೇ ಶೂರ ಅನ್ನೋ ನಂಬಿಕೆಯನ್ನು ಇತಿಹಾಸ ಒಪ್ಪುವುದಿಲ್ಲ. ಶ್ರೀರಂಗಪಟ್ಟಣದಿಂದ ಆಳಿದ ಹೈದರಾಲಿಯನ್ನು ಕಣ್ಣಾರೆ ಕಂಡ ಯುರೋಪಿಯನ್ನರು ಅವನ ಮುಖದಲ್ಲಿ ಗಡ್ಡ, ಮೀಸೆ ಎರಡೂ ಇರಲಿಲ್ಲ, ಹುಬ್ಬಿನ ಕೂದಲನ್ನೂ ತೆಗೆಸುತ್ತಿದ್ದ ಎಂದು ಬರೆದಿಟ್ಟಿದ್ದಾರೆ. ಇಂಗ್ಲಿಷರನ್ನು ಮದರಾಸಿನ ಬಾಗಿಲವರೆಗೂ ಅಟ್ಟಿದ ಸೇನಾನಿ ಅವನು. ಮಗ ಟಿಪ್ಪು ಮೀಸೆ ಬಿಟ್ಟ, ಗಡ್ಡ ಬಿಡಲಿಲ್ಲ. ಅಪ್ಪ ಮಗ ಇಬ್ಬರೂ ತಮಗೆ ಬೇಕಾದಂತೆ ಇದ್ದರು, ಕೇಳುವವರು ಯಾರೂ ಇರಲಿಲ್ಲ.

ಟಿಪ್ಪು ಸತ್ತು ಏಳು ವರ್ಷಕ್ಕೆ ಮುಖದ ಕೂದಲಿನ ಮೇಲೆ ಅಧಿಕೃತ ಆದೇಶವೇ ಹೊರಟಿತು. ಅದು ಹೊರಟದ್ದು ಮದರಾಸಿನಿಂದ. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇನೆಯ ದಂಡನಾಯಕ ಸರ್ ಜಾನ್ ಕ್ರಾಡಾಕ್, ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕ್. 1806ರ ಆರಂಭದಲ್ಲಿ ಸಿಪಾಯಿಗಳಿಗೆ ಹೊಸ ನಿಯಮಾವಳಿ ಬಂತು. ಸಮವಸ್ತ್ರದಲ್ಲಿ ಇರುವಾಗ ಹಣೆಗೆ ಜಾತಿಯ ಗುರುತು ಹಚ್ಚಬಾರದು. ಕಿವಿಗೆ ಓಲೆ ಹಾಕಬಾರದು. ಕವಾಯಿತಿಗೆ ಬರುವಾಗ ಗದ್ದ ನುಣ್ಣಗೆ ಬೋಳಿಸಿರಬೇಕು. ಇಷ್ಟಕ್ಕೇ ನಿಲ್ಲಲಿಲ್ಲ. ಮೇಲ್ತುಟಿಯ ಕೂದಲು ಎಷ್ಟಿರಬೇಕು, ಯಾವ ಆಕಾರದಲ್ಲಿರಬೇಕು ಅನ್ನುವುದರಲ್ಲೂ ಆದಷ್ಟು ಮಟ್ಟಿಗೆ ಎಲ್ಲರೂ ಒಂದೇ ಥರ ಇರಬೇಕು ಎಂದು ಅದರಲ್ಲಿ ಬರೆದಿತ್ತು. ಅಂದರೆ ಸಾಲಾಗಿ ನಿಂತ ಸಿಪಾಯಿಗಳ ಮೀಸೆಗಳೆಲ್ಲ ಒಂದೇ ಅಚ್ಚಿನಿಂದ ತೆಗೆದಂತೆ ಕಾಣಬೇಕು.

ಜೊತೆಗೆ ಬಂದದ್ದು ಹೊಸ ನಮೂನೆಯ ರುಮಾಲು. ಅದರಲ್ಲಿ ತೊಗಲಿನ ಕುಚ್ಚು. ನೋಡಲು ಯುರೋಪಿಯನ್ನರ ಹ್ಯಾಟಿನಂತೆ. ಹಸುವಿನ ತೊಗಲೋ ಹಂದಿಯ ತೊಗಲೋ ಎಂಬ ಅನುಮಾನ ಹಿಂದೂ ಮುಸ್ಲಿಂ ಇಬ್ಬರಿಗೂ ಹತ್ತಿತು. ನಾಮ ಅಳಿಸು, ಗಡ್ಡ ತೆಗೆ, ಹ್ಯಾಟು ಹಾಕು ಎಂದರೆ ಮುಂದಿನ ಹೆಜ್ಜೆ ಮತಾಂತರವೇ ಎಂದು ಸಿಪಾಯಿಗಳು ನಂಬಿದರು. ಆ ಕಾಲದ ಮನುಷ್ಯನ ಜಾಗದಲ್ಲಿ ನಿಂತು ನೋಡಿದರೆ ಆ ಭಯ ಅರ್ಥವಾಗುತ್ತದೆ ಅಲ್ವಾ? ಮನೆಗೆ ಹೋದರೆ ಹೆಂಡತಿ ಮಕ್ಕಳೇ ಒಳಗೆ ಸೇರಿಸದೆ ಹೋದರೆ ಎಂಬ ದಿಗಿಲು ಅದು.

ಮೇ ತಿಂಗಳಲ್ಲಿ ವೆಲ್ಲೂರಿನ ಒಂದು ಪಡೆ ರುಮಾಲು ಧರಿಸಲು ಒಪ್ಪಲಿಲ್ಲ. ವಿಚಾರಣೆ ನಡೆಯಿತು. ಒಬ್ಬ ಹಿಂದೂ, ಒಬ್ಬ ಮುಸ್ಲಿಂ ಸಿಪಾಯಿಗೆ ತಲಾ 900 ಛಡಿ ಏಟು. ಉಳಿದವರಿಂದ ಕ್ಷಮೆ ಕೇಳಿಸಿ ಬಿಟ್ಟರು. ಬೆಂಕಿ ಆರಿತು ಎಂದು ಅಧಿಕಾರಿಗಳು ಅಂದುಕೊಂಡರು.

ವೆಲ್ಲೂರು ಕೋಟೆಯಲ್ಲೇ ಟಿಪ್ಪುವಿನ ಮಕ್ಕಳನ್ನು, ಕುಟುಂಬವನ್ನು ಕಂಪನಿ ಕಾವಲಿನಲ್ಲಿ ಇಟ್ಟಿತ್ತು. ಮೈಸೂರಿನ ಹಳೆಯ ಸೇನೆಯಲ್ಲಿದ್ದ ಎಷ್ಟೋ ಜನ ಆ ಸುತ್ತಲಲ್ಲೇ ನೆಲೆಸಿದ್ದರು. ಜುಲೈ 9ರಂದು ಟಿಪ್ಪುವಿನ ಮಗಳ ಮದುವೆ. ಜುಲೈ 10ರ ನಸುಕಿಗೆ ಮೊದಲೇ, ಸುಮಾರು ಎರಡು ಗಂಟೆಗೆ ಸಿಪಾಯಿಗಳು ಬಂದೂಕು ಎತ್ತಿದರು. ನೂರಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಸತ್ತರು. ಕೋಟೆಯ ಮೇಲೆ ಟಿಪ್ಪುವಿನ ಹುಲಿ ಬಾವುಟ ಹಾರಿತು. ಆರ್ಕಾಟಿನಿಂದ ಕರ್ನಲ್ ಗಿಲ್ಲೆಸ್ಪಿ ಕುದುರೆ ದಳ ತಂದು ಅದೇ ದಿನ ಕೋಟೆ ಹಿಡಿದ. ಆಮೇಲೆ ನಡೆದದ್ದು ಕಗ್ಗೊಲೆ. ನೂರಾರು ಸಿಪಾಯಿಗಳನ್ನು ಕೊಂದರು, ಕೆಲವರನ್ನು ತೋಪಿನ ಬಾಯಿಗೆ ಕಟ್ಟಿ ಹಾರಿಸಿದರು. ಟಿಪ್ಪುವಿನ ಮಕ್ಕಳನ್ನು ಕಲ್ಕತ್ತೆಗೆ ಸಾಗಿಸಿದರು. ಅದೇ ವರ್ಷ ನಮ್ಮ ನಂದಿದುರ್ಗದ ಪಾಳೆಯದಲ್ಲೂ ಅಸಮಾಧಾನ ಹೊಗೆಯಾಡಿತು.

ದಂಗೆಗೆ ಟಿಪ್ಪುವಿನ ಮನೆತನದ ಪಿತೂರಿ ಎಷ್ಟು ಕಾರಣ, ರುಮಾಲು ಗಡ್ಡದ ಆದೇಶ ಎಷ್ಟು ಕಾರಣ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ರುಮಾಲಿನ ಪಾಲೇ ಜಾಸ್ತಿ, ಮೀಸೆಯದು ಚಿಕ್ಕದು ಎಂಬುದು ನಿಜ. ಆದರೆ ಕಂಪನಿಗೆ ಪಾಠ ಮಾತ್ರ ಚೆನ್ನಾಗಿ ತಟ್ಟಿತು. ಆದೇಶಗಳನ್ನು ಹಿಂದಕ್ಕೆ ತೆಗೆದುಕೊಂಡರು. ಕ್ರಾಡಾಕ್, ಬೆಂಟಿಂಕ್ ಇಬ್ಬರನ್ನೂ ಲಂಡನ್ನಿಗೆ ವಾಪಸು ಕರೆಸಿಕೊಂಡರು. 1857ಕ್ಕೆ ಇನ್ನೂ ಐವತ್ತೊಂದು ವರ್ಷ ಇತ್ತು.

ಮುಂದೆ ನಡೆದದ್ದು ತಿರುವುಮುರುವು. ಸಿಪಾಯಿಯ ಮೀಸೆ ಕತ್ತರಿಸಲು ಹೊರಟಿದ್ದ ಇಂಗ್ಲಿಷರು ತಾವೇ ಮೀಸೆ ಬಿಡತೊಡಗಿದರು. ಮೀಸೆ ಇಲ್ಲದ ಮುಖಕ್ಕೆ ಇಲ್ಲಿ ಮರ್ಯಾದೆ ಕಡಿಮೆ ಎಂದು ಅವರಿಗೆ ಗೊತ್ತಾಗಿತ್ತು. 1854ರಲ್ಲಿ ಕಂಪನಿಯ ಬೊಂಬಾಯಿ ಸೇನೆಯ ಯುರೋಪಿಯನ್ ಸೈನಿಕರಿಗೆ ಮೀಸೆ ಕಡ್ಡಾಯವಾಯಿತು. ಅದೇ ಹೊತ್ತಿಗೆ ರಷ್ಯಾ ವಿರುದ್ಧ ಕ್ರೈಮಿಯಾ ಯುದ್ಧ. ಅಲ್ಲಿನ ಚಳಿಯಲ್ಲಿ ಗಡ್ಡ ಮೀಸೆ ಬೆಳೆಸಿ ಮರಳಿದ ಸೈನಿಕರನ್ನು ಕಂಡು ಇಂಗ್ಲೆಂಡಿನ ಊರಿನ ಗಂಡಸರೂ ಬೆಳೆಸಿದರು. ಕೊನೆಗೆ ಬ್ರಿಟಿಷ್ ಸೇನೆಯ ನಿಯಮ ಪುಸ್ತಕಕ್ಕೇ ಅದು ಸೇರಿತು. ಗದ್ದ ಮತ್ತು ಕೆಳತುಟಿ ಬೋಳಿಸಬೇಕು, ಮೇಲ್ತುಟಿ ಬೋಳಿಸಕೂಡದು.

ಈ ನಿಯಮ 1916ರವರೆಗೆ ನಡೆಯಿತು. ಆ ವರ್ಷ ಬ್ರಿಟನ್ನಿನಲ್ಲಿ ಕಡ್ಡಾಯ ಸೈನಿಕ ಸೇವೆ ಬಂದಿತ್ತು. ಅಂಗಡಿ, ಆಫೀಸು ಬಿಟ್ಟು ಬಂದ ಹುಡುಗರಿಗೆ ಮೀಸೆ ಬೇಕಿರಲಿಲ್ಲ. ಕೆಲವರಿಗೆ ಇನ್ನೂ ಮೊಳೆತೇ ಇರಲಿಲ್ಲ. ಸೇನೆಯ ಅಡ್ಜುಟಂಟ್ ಜನರಲ್ ನೆವಿಲ್ ಮೆಕ್ರೆಡಿ ಅಕ್ಟೋಬರಿನಲ್ಲಿ ಆ ನಿಯಮ ತೆಗೆದುಹಾಕಿದ. ಅವನಿಗೂ ತನ್ನ ಮೀಸೆ ಇಷ್ಟವಿರಲಿಲ್ಲ. ಆದೇಶಕ್ಕೆ ಸಹಿ ಹಾಕಿದವನೇ ಕ್ಷೌರಿಕನ ಬಳಿ ಹೋಗಿ ಬೋಳಿಸಿಕೊಂಡ. ಸಾಮ್ರಾಜ್ಯದ ಅಷ್ಟೂ ಗತ್ತು ಹೊತ್ತ ಮೀಸೆ ಒಂದು ಸಹಿಗೆ ಐಚ್ಛಿಕವಾಯಿತು.

ಸ್ವತಂತ್ರ ಭಾರತದ ಸಮವಸ್ತ್ರದ ನಿಯಮಗಳಲ್ಲಿ ಆ ಕಾಲದ ನೆರಳು ಇನ್ನೂ ಇದೆ. ನೌಕಾಪಡೆಯಲ್ಲಿ ಅನುಮತಿ ಪಡೆದು ಗಡ್ಡ ಬಿಡಬಹುದು. ವಾಯುಪಡೆಯಲ್ಲಿ ಹಾಗಿಲ್ಲ. ಕೂದಲು ಕತ್ತರಿಸುವುದನ್ನೇ ಧರ್ಮ ನಿಷೇಧಿಸಿದವರಿಗೆ, ಅಂದರೆ ಸಿಖ್ಖರಿಗೆ, ವಿನಾಯಿತಿ ಇದೆ. ಗಡ್ಡ ಬಿಟ್ಟಿದ್ದಕ್ಕೆ ಕೆಲಸ ಕಳೆದುಕೊಂಡ ಮುಸ್ಲಿಂ ವಾಯುಪಡೆ ಸಿಬ್ಬಂದಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ವಾಯುಪಡೆಯ ನಿಯಮವನ್ನೇ ಎತ್ತಿಹಿಡಿಯಿತು. ಶಿಸ್ತಿಗೆ, ಏಕರೂಪಕ್ಕೆ ಅದು ಬೇಕು ಎಂಬುದು ತೀರ್ಪಿನ ತಿರುಳು. ಒಪ್ಪುವವರೂ ಒಪ್ಪದವರೂ ಇದ್ದಾರೆ. ಕನಿಷ್ಠ ಅಲ್ಲಿ ನಿಯಮ ಬರಹದಲ್ಲಿದೆ, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು.

ಇತ್ತ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆಯಲ್ಲಿ ಮೀಸೆಗೆಂದೇ ತಿಂಗಳ ಭತ್ಯೆ ಇದೆ. 2019ರಲ್ಲಿ ಅದನ್ನು 50 ರೂಪಾಯಿಯಿಂದ 250ಕ್ಕೆ ಏರಿಸಿದರು. ಅದೇ ವರ್ಷ ಪಾಕಿಸ್ತಾನದಲ್ಲಿ ಸೆರೆಯಾಗಿ ಮರಳಿದ ವಾಯುಪಡೆಯ ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಅವರ ಮೀಸೆ ದೇಶದ ತುಂಬ ಫ್ಯಾಶನ್ ಆಯಿತು. ಬೆಂಗಳೂರಿನ ಸೆಲೂನುಗಳಲ್ಲೂ 'ಅಭಿನಂದನ್ ಕಟ್' ಕೇಳಿ ಬಂದವರು ಕಡಿಮೆ ಇರಲಿಲ್ಲ. 2022ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ಪೊಲೀಸ್ ಪೇದೆ ಅದೇ ಥರದ ಮೀಸೆ ಕತ್ತರಿಸಲು ಒಪ್ಪದೆ ಅಮಾನತಾದರು. ಟೀಕೆ ಬಂದ ಮೇಲೆ ಅಮಾನತು ರದ್ದಾಯಿತು.

ನನ್ನನ್ನು ಕಾಡುವುದು ಈ ಬರೆದ ನಿಯಮಗಳಲ್ಲ. ಕ್ರಾಡಾಕನ ಆದೇಶ ಕಾಗದದ ಮೇಲಿತ್ತು, ಅದನ್ನು ಹರಿಯಬಹುದಿತ್ತು. ಊರಿನ ಆದೇಶ ಎಲ್ಲೂ ಬರೆದಿಲ್ಲ. ಯಾರು ಮೀಸೆಯ ತುದಿ ಮೇಲಕ್ಕೆ ತಿರುವಬಹುದು, ಯಾರು ಬೂಟು ಹಾಕಿ ಬೀದಿಯಲ್ಲಿ ನಡೆಯಬಹುದು, ಯಾರ ಮದುಮಗ ಕುದುರೆ ಏರಬಹುದು ಅನ್ನುವುದನ್ನು ಜಾತಿಯೇ ತೀರ್ಮಾನಿಸುತ್ತಿತ್ತು. ಗುಜರಾತ್, ರಾಜಸ್ಥಾನದ ಹಲವು ಕಡೆ ತಿರುವಿದ ಮೀಸೆ ಜಮೀನು ಆಳಿದ ಜಾತಿಗಳ ಗುರುತು. ಆ ಜಮೀನಿನಲ್ಲಿ ದುಡಿದವರ ಮಗ ಓದಿ, ಸಂಬಳ ತಂದು, ಕನ್ನಡಿ ಮುಂದೆ ನಿಂತು ಮೀಸೆ ತಿರುವಿದರೆ ಅವರಿಗೆ ತಮ್ಮ ಆಸ್ತಿಯನ್ನೇ ಕದ್ದಂತೆ ಕಾಣುತ್ತದೆ. ಲಿಂಬೋದರಾದ ಸಿಟ್ಟಿನ ಬೇರು ಇಲ್ಲಿದೆ. 2022ರ ಮಾರ್ಚಿನಲ್ಲಿ ರಾಜಸ್ಥಾನದ ಪಾಲಿ ಜಿಲ್ಲೆಯಲ್ಲಿ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ದಲಿತ ಯುವಕನನ್ನು ಇರಿದು ಕೊಂದರು. ಮೀಸೆ ತಿರುವಿ ಚೆಂದದ ಬಟ್ಟೆ ತೊಟ್ಟು ಫೋಟೋ ಹಾಕುತ್ತಿದ್ದುದೇ ಕಾರಣ ಎಂದು ಮನೆಯವರು ಹೇಳಿದರು. ಪೊಲೀಸರು ಹಳೆಯ ದ್ವೇಷ ಎಂದರು.

ದೇಶದ ಸಂಸತ್ತು ಈ ಹಿಂಸೆಯನ್ನು ಗುರುತಿಸಿದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಬಂದದ್ದು 1989ರಲ್ಲಿ. 2015ರಲ್ಲಿ ತಿದ್ದುಪಡಿಯಾಗಿ 2016ರ ಜನವರಿ 26ರಿಂದ ಜಾರಿಯಾದ ರೂಪದಲ್ಲಿ, ಅಪರಾಧಗಳ ಪಟ್ಟಿಯಲ್ಲಿ ಮೂರು ಕೃತ್ಯಗಳು ಒಟ್ಟಿಗೇ ಬರುತ್ತವೆ. ಬಲವಂತವಾಗಿ ತಲೆ ಬೋಳಿಸುವುದು, ಮೀಸೆ ತೆಗೆಯುವುದು, ಮುಖಕ್ಕೆ ಬಣ್ಣ ಬಳಿಯುವುದು. ಒಂದು ಕಾನೂನು ಮೀಸೆಯನ್ನು ಹೆಸರಿಟ್ಟು ಕಾಪಾಡಬೇಕಾಗಿ ಬಂತು ಅಂದರೆ ಎಷ್ಟು ಮೀಸೆಗಳು ಹಾಗೆ ಹೋಗಿರಬೇಕು, ಯೋಚಿಸಿ.

ನಮ್ಮಲ್ಲಿ ಇದರ ರೂಪ ಬೇರೆ. ಕರ್ನಾಟಕದ ಹಳ್ಳಿಗಳಲ್ಲಿ ಜಗಳ ಏಳುವುದು ಜಾಸ್ತಿ ಕ್ಷೌರದ ಅಂಗಡಿಯ ಕುರ್ಚಿಗೆ. ಅದಕ್ಕೂ ಒಂದು ಹಿನ್ನೆಲೆ ಇದೆ. ಹಿಂದೆ ಊರಿನ ಆಯಗಾರರಲ್ಲಿ ಕ್ಷೌರಿಕರೂ ಒಬ್ಬರು. ಕಮ್ಮಾರ, ಬಡಗಿ, ಅಗಸರ ಹಾಗೆ ಅವರೂ ವರ್ಷವಿಡೀ ಕೆಲಸ ಮಾಡಿ ಸುಗ್ಗಿಯಲ್ಲಿ ಕಣದ ರಾಶಿಯಿಂದ ಆಯ ಪಡೆಯುತ್ತಿದ್ದರು. ಆಯ ಕೊಡುವವರು ಜಮೀನು ಇದ್ದವರು. ಯಾರ ಗದ್ದಕ್ಕೆ ಕತ್ತಿ ಇಡಬೇಕು, ಯಾರ ಗದ್ದಕ್ಕೆ ಇಡಬಾರದು ಎಂದು ಹೇಳುವವರೂ ಅವರೇ. ದಲಿತ ಕೇರಿಗಳಲ್ಲಿ ತಮ್ಮಲ್ಲೇ ಯಾರೋ ಕತ್ತರಿ ಹಿಡಿಯುತ್ತಿದ್ದರು, ಇಲ್ಲವೇ ಸಂತೆಯ ದಿನ ಪಟ್ಟಣದಲ್ಲಿ ಮಾಡಿಸಿಕೊಂಡು ಬರುತ್ತಿದ್ದರು. ಆಯ ಹೋಗಿ ನಗದು ಬಂತು. ಮನೆ ಜಗುಲಿಯ ಕ್ಷೌರ ಹೋಗಿ ಕನ್ನಡಿ, ಕುರ್ಚಿಯ ಅಂಗಡಿ ಬಂತು. ಕಟ್ಟಳೆ ಮಾತ್ರ ಪೂರ್ತಿ ಹೋಗಲಿಲ್ಲ.

2020ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆ ಗ್ರಾಮದ ಒಬ್ಬ ಕ್ಷೌರಿಕರು ಹೇಳಿಕೊಂಡ ಸಂಗತಿ ಪತ್ರಿಕೆಗಳಲ್ಲಿ ಬಂತು. ಪರಿಶಿಷ್ಟರಿಗೆ ಕ್ಷೌರ ಮಾಡಿದ್ದಕ್ಕೆ ಅವರಿಗೆ 50,000 ರೂಪಾಯಿ ದಂಡ, ಜೊತೆಗೆ ಬಹಿಷ್ಕಾರ. ಇದನ್ನು ಗಮನಿಸಿ. ಕತ್ತಿ ಹಿಡಿದವರು ಮನಸ್ಸು ಮಾಡಿದರೂ ಊರು ಬಿಡಲಿಲ್ಲ. ಕ್ಷೌರಿಕ ಸಮುದಾಯದವರು ಕೂಡ ತಮ್ಮ ಕಸುಬಿನ ಹೆಸರನ್ನೇ ಬೈಗುಳವಾಗಿ ಕೇಳಿಸಿಕೊಂಡು ಬಂದವರು. ಅವರ ಹೊಟ್ಟೆಪಾಡು ಬಲಾಢ್ಯರ ಕೈಯಲ್ಲಿದೆ. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರದ ವಿಷಯಕ್ಕೆ ಶುರುವಾದ ಜಗಳ ಕೊಲೆಯಲ್ಲಿ ಮುಗಿಯಿತು. ಸತ್ತವರು ದಲಿತ ಯುವಕ, ಬಂಧನವಾದದ್ದು ಕ್ಷೌರದ ಅಂಗಡಿಯವನದ್ದು.

ಹಲ್ಲರೆಯ ಸುದ್ದಿ ಬಂದ ಆ ದಿನಗಳಲ್ಲೇ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಸರ್ಕಾರದಿಂದಲೇ ಕ್ಷೌರದ ಅಂಗಡಿ ತೆರೆಯುವ ಪ್ರಸ್ತಾವ ನಮ್ಮ ರಾಜ್ಯದಲ್ಲಿ ಕೇಳಿಬಂತು. ಉದ್ದೇಶ ಒಳ್ಳೆಯದೇ. ಆದರೆ ದಲಿತರಿಗೆಂದು ಇನ್ನೊಂದು ಅಂಗಡಿ ತೆರೆದರೆ ಹಳೆಯ ಅಂಗಡಿಯ ಬಾಗಿಲು ಮುಚ್ಚಿಯೇ ಇರುತ್ತದೆ. ಅಂಗಡಿಗೆ ಪ್ರವೇಶ ನಿರಾಕರಿಸಬಾರದು ಎಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ಸೇವೆ ನಿರಾಕರಿಸುವುದು ಅಪರಾಧ ಎಂದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯೇ ಹೇಳಿದೆ. ಹೊಸ ಕಾನೂನು ಬೇಕಿಲ್ಲ. ದಂಡ ಹಾಕಿದ ಊರಿನ ಯಜಮಾನರ ಮೇಲೆ ಕೇಸು ಹಾಕಬೇಕು. ಬಾಗಿಲು ತೆರೆದ ಕ್ಷೌರಿಕರಿಗೆ ಗಿರಾಕಿ ತಪ್ಪದಂತೆ, ಬಹಿಷ್ಕಾರ ಬೀಳದಂತೆ ತಾಲ್ಲೂಕು ಆಡಳಿತ ಬೆನ್ನಿಗೆ ನಿಲ್ಲಬೇಕು. ತಹಶೀಲ್ದಾರರು, ಪಿಎಸ್‌ಐ ಹಳ್ಳಿಗೆ ಹೋಗಿ ಶಾಂತಿ ಸಭೆ ಮಾಡಿ ಫೋಟೋ ತೆಗೆಸಿಕೊಂಡು ಬಂದರೆ ಸಾಲದು. ತಿಂಗಳು ಕಳೆದ ಮೇಲೆ ಮತ್ತೆ ಹೋಗಿ, ಆ ಅಂಗಡಿ ತೆರೆದಿದೆಯೇ, ಕೇರಿಯ ಹುಡುಗರು ಅದೇ ಕುರ್ಚಿಯಲ್ಲಿ ಕೂರುತ್ತಿದ್ದಾರೆಯೇ ಎಂದು ನೋಡಬೇಕು.