ಕಾರ್ಟಿಸಾಲ್ ಕೂಗಿದರೂ ಕೇಳದ ಕೋಶಗಳು

ಹೆಂಡತಿಗೆ ಕ್ಯಾನ್ಸರ್. ಚಿಕಿತ್ಸೆಗೆಂದು ಪದೇ ಪದೇ ರಜೆ ಹಾಕಿದ ಗಂಡನ ಕೆಲಸ ಹೋಗುತ್ತದೆ. ನೋಡಲು ಬಂದವರು ಎರಡು ಮಾತು ಹೇಳುತ್ತಾರೆ. ‘ಗ್ರಹಚಾರ, ಕಷ್ಟ ಬಂದರೆ ಎಲ್ಲ ಒಟ್ಟಿಗೇ ಬರುತ್ತದೆ’ ಎಂಬುದು ಒಂದು. ‘ಹೋಗಲಿ ಬಿಡಿ, ಇನ್ನು ಮನೆಯಲ್ಲೇ ಇದ್ದು ನೋಡಿಕೊಳ್ಳಬಹುದಲ್ಲ’ ಎಂಬುದು ಇನ್ನೊಂದು. ಎರಡೂ ಸಮಾಧಾನದ ಮಾತುಗಳೇ, ಆದರೆ ಎರಡೂ ತಪ್ಪು. ರಾತ್ರಿಯೆಲ್ಲ ಎಚ್ಚರವಿದ್ದವನಿಗೆ ಹಗಲು ಗಮನ ನಿಲ್ಲುವುದಿಲ್ಲ, ರಜೆಗಳು ಮುಗಿಯುತ್ತವೆ, ಕೆಲಸ ಹೋಗುತ್ತದೆ. ಒಂದು ಕಷ್ಟ ಇನ್ನೊಂದನ್ನು ಕೈಹಿಡಿದು ಕರೆತಂದಿತೇ ಹೊರತು ಆಕಾಶದ ಗ್ರಹಗಳಿಗೂ ಇದಕ್ಕೂ ಸಂಬಂಧವಿಲ್ಲ. ನನ್ನನ್ನು ಹೆಚ್ಚು ಕಾಡುವುದು ಎರಡನೆಯ ಮಾತು. ಕೆಲಸ ಹೋದರೆ ಹೊರೆ ಇಳಿಯುತ್ತದೆ ಎಂಬ ನಂಬಿಕೆ ಅದರಲ್ಲಿದೆ.

ಈ ನಂಬಿಕೆಯನ್ನು ಅಲುಗಾಡಿಸಿದ ಅಧ್ಯಯನ ತೊಂಬತ್ತು ವರ್ಷಗಳಿಗೂ ಹಳೆಯದು. ಆಸ್ಟ್ರಿಯಾದ ಮಾರಿಯೆಂತಾಲ್ ಎಂಬ ಊರಿನ ಬಟ್ಟೆ ಗಿರಣಿ ಮುಚ್ಚಿ, ಇಡೀ ಊರೇ ನಿರುದ್ಯೋಗಕ್ಕೆ ಬಿದ್ದಾಗ ಮಾರಿ ಯಹೋದಾ ಮತ್ತು ಸಂಗಡಿಗರು ಅಲ್ಲಿನ ಬದುಕನ್ನು ದಾಖಲಿಸಿ 1933ರಲ್ಲಿ ಪ್ರಕಟಿಸಿದರು. ಕೈತುಂಬ ಸಮಯವಿದ್ದರೂ ಜನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಗಿತ್ತು. ಸಂಶೋಧಕರು ಬೀದಿಯಲ್ಲಿ ನಡೆಯುವವರ ವೇಗವನ್ನೂ ಅಳೆದರು. ಗಂಡಸರು ನಿಧಾನವಾಗಿ, ಅಲ್ಲಲ್ಲಿ ನಿಂತು ನಡೆಯುತ್ತಿದ್ದರು. ಹೆಂಗಸರ ನಡಿಗೆ ಅವರಿಗಿಂತ ವೇಗವಾಗಿತ್ತು, ಏಕೆಂದರೆ ಅವರಿಗೆ ಸಂಬಳವಷ್ಟೇ ನಿಂತಿತ್ತು, ಮನೆಗೆಲಸ ನಿಂತಿರಲಿಲ್ಲ. ಉದ್ಯೋಗವು ಹಣದ ಜೊತೆಗೆ ದಿನಕ್ಕೊಂದು ಚೌಕಟ್ಟು, ಹೊರಗಿನವರ ಸಹವಾಸ, ನಾಲ್ಕು ಜನರಲ್ಲಿ ಒಂದು ಸ್ಥಾನ ಕೊಡುತ್ತದೆ ಎಂದು ಯಹೋದಾ ಮುಂದೆ ವಿವರಿಸಿದರು. ಕಾಯಿಲೆಯ ಸಂಗಾತಿಯನ್ನು ನೋಡಿಕೊಳ್ಳುವವರು ಕೆಲಸದೊಂದಿಗೆ ಇವೆಲ್ಲವನ್ನೂ ಕಳೆದುಕೊಳ್ಳುತ್ತಾರೆ. ಆರೈಕೆ ಮಾತ್ರ ಇಪ್ಪತ್ನಾಲ್ಕು ಗಂಟೆಗೂ ಹಬ್ಬುತ್ತದೆ.

ಇದು ಮನಸ್ಸಿನ ಬೇಸರಕ್ಕೆ ಮುಗಿಯುವುದಿಲ್ಲ. ಅಮೆರಿಕದಲ್ಲಿ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ ವಯಸ್ಸಾದ ದಂಪತಿಗಳನ್ನು ನಾಲ್ಕು ವರ್ಷ ಗಮನಿಸಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಂಗಾತಿಯ ಆರೈಕೆಯಲ್ಲಿ ಬಳಲುತ್ತಿದ್ದವರ ಸಾವಿನ ಅಪಾಯ, ಅಂಥ ಹೊಣೆ ಇಲ್ಲದವರಿಗಿಂತ ಶೇ. 63ರಷ್ಟು ಹೆಚ್ಚಾಗಿತ್ತು. ಆರೈಕೆ ಮಾಡುತ್ತಿದ್ದರೂ ಬಳಲಿಕೆಯಿಲ್ಲದವರಲ್ಲಿ ಈ ಏರಿಕೆ ಕಾಣಲಿಲ್ಲ. ಅಪಾಯ ಇರುವುದು ಬಳಲಿಕೆಯಲ್ಲಿ, ಪ್ರೀತಿಯಿಂದ ಮಾಡುವ ಸೇವೆಯಲ್ಲಲ್ಲ. ಅದಕ್ಕೂ ಮೊದಲು, 1995ರಲ್ಲಿ, ಜಾನಿಸ್ ಕೀಕೋಲ್ಟ್-ಗ್ಲೇಸರ್ ತಂಡ ಮರೆಗುಳಿ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ಚರ್ಮದಲ್ಲಿ 3.5 ಮಿಲಿಮೀಟರಿನ ಪುಟ್ಟ ಗಾಯ ಮಾಡಿ, ಅದು ಮಾಯುವುದನ್ನು ಕಾದಿತ್ತು. ಅಂಥ ಹೊಣೆಯಿಲ್ಲದ ಮಹಿಳೆಯರಿಗಿಂತ ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು.

ಏಕೆ? ಇಲ್ಲಿಯೇ ನನಗೆ ಅತ್ಯಂತ ಬೆರಗು ಹುಟ್ಟಿಸುವ ವಿಷಯ ಬರುತ್ತದೆ. ಒತ್ತಡದ ಹೊತ್ತಿನಲ್ಲಿ ದೇಹ ಹೆಚ್ಚಾಗಿ ಸ್ರವಿಸುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಖಳನಾಯಕನನ್ನಾಗಿ ಮಾಡಿ, ಅದನ್ನು ‘ಇಳಿಸುವ’ ಪುಡಿ, ಕಷಾಯ ಮಾರುವವರಿಗೆ ಈಗ ಲೆಕ್ಕವಿಲ್ಲ. ಆದರೆ 1948ರಲ್ಲಿ ಅದರ ಸೋದರ ಹಾರ್ಮೋನಾದ ಕಾರ್ಟಿಸೋನನ್ನು ಫಿಲಿಪ್ ಹೆಂಚ್ ಸಂಧಿವಾತದ ರೋಗಿಯೊಬ್ಬರಿಗೆ ಚುಚ್ಚಿದಾಗ, ಕದಲಲು ಕಷ್ಟಪಡುತ್ತಿದ್ದವರು ಕೆಲವೇ ದಿನಗಳಲ್ಲಿ ನಡೆದಾಡಿದರು. ಎರಡೇ ವರ್ಷಗಳಲ್ಲಿ ಹೆಂಚ್, ಎಡ್ವರ್ಡ್ ಕೆಂಡಾಲ್ ಮತ್ತು ಟೇಡಿಯಸ್ ರೈಕ್‌ಸ್ಟೈನ್ ನೊಬೆಲ್ ಪಡೆದರು. ಕಾರ್ಟಿಸಾಲ್ ಉರಿಯೂತವನ್ನು, ಅಂದರೆ ಗಾಯಕ್ಕೋ ಸೋಂಕಿಗೋ ದೇಹ ತೋರುವ ಊತ, ಉರಿಯ ಪ್ರತಿಕ್ರಿಯೆಯನ್ನು, ತಣಿಸುವ ಹಾರ್ಮೋನು. ಅದು ರೋಗನಿರೋಧಕ ಕೋಶದೊಳಗೆ ಹೊಕ್ಕು, ಅಲ್ಲಿರುವ ಗ್ರಾಹಕ ಪ್ರೋಟೀನಿಗೆ ಅಂಟಿ, ಅದರೊಂದಿಗೆ ಕೋಶಕೇಂದ್ರಕ್ಕೆ ಹೋಗಿ, ಉರಿಯೂತ ಹೆಚ್ಚಿಸುವ ಜೀನುಗಳ ಸದ್ದಡಗಿಸುತ್ತದೆ.

ರೈಲು ಹಳಿಯ ಪಕ್ಕದಲ್ಲಿ ಮನೆ ಮಾಡಿದವರನ್ನು ನೆನಪಿಸಿಕೊಳ್ಳಿ. ಮೊದಲ ವಾರ ಪ್ರತಿ ಸೀಟಿಗೂ ಬೆಚ್ಚುತ್ತಾರೆ, ವರ್ಷ ಕಳೆದ ಮೇಲೆ ರೈಲು ಹೋದದ್ದೇ ತಿಳಿಯುವುದಿಲ್ಲ. ಸೀಟಿಯ ಸದ್ದು ಕಡಿಮೆಯಾಗಿರುವುದಿಲ್ಲ, ಕಿವಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟಿರುತ್ತದೆ. ತಿಂಗಳುಗಟ್ಟಲೆ ಒತ್ತಡದಲ್ಲಿರುವವರ ಕೋಶಗಳೂ ಹೀಗೆಯೇ. ಕಾರ್ಟಿಸಾಲ್ ‘ಸಾಕು, ನಿಲ್ಲಿಸಿ’ ಎನ್ನುತ್ತಲೇ ಇರುತ್ತದೆ, ಗ್ರಾಹಕಗಳು ಸರಿಯಾಗಿ ಸ್ಪಂದಿಸುವುದಿಲ್ಲ, ಉರಿಯೂತ ಹೊಗೆಯಾಡುತ್ತದೆ. ಗ್ರೆಗರಿ ಮಿಲ್ಲರ್ ಮತ್ತು ಸಂಗಡಿಗರು 2002ರಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದರು. ಕ್ಯಾನ್ಸರ್ ಪೀಡಿತ ಮಕ್ಕಳ ತಂದೆತಾಯಿಯರ ರಕ್ತಕ್ಕೆ ಕಾರ್ಟಿಸಾಲಿನಂಥ ಕೃತಕ ಹಾರ್ಮೋನು ಬೆರೆಸಿದರೆ, ಇಂಟರ್‌ಲ್ಯೂಕಿನ್-6 ಎಂಬ ಉರಿಯೂತದ ಸಂಕೇತವು ಆರೋಗ್ಯವಂತ ಮಕ್ಕಳ ತಂದೆತಾಯಿಯರ ರಕ್ತದಲ್ಲಿ ತಗ್ಗಿದಷ್ಟು ತಗ್ಗಲಿಲ್ಲ. ಹಾರ್ಮೋನಿನ ಪ್ರಮಾಣವನ್ನಷ್ಟೇ ನೋಡುವವರಿಗೆ ಈ ದೋಷ ಕಾಣುವುದೇ ಇಲ್ಲ.

ಉದ್ಯೋಗನಷ್ಟಕ್ಕೂ ಇದಕ್ಕೂ ಏನು ನಂಟು? ಶೆಲ್ಡನ್ ಕೋಹೆನ್ 276 ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಸ್ ಹನಿಸಿ, ಯಾರಿಗೆ ನೆಗಡಿ ಹಿಡಿಯುತ್ತದೆಂದು ನೋಡಿದರು. 1998ರ ಆ ವರದಿಯಲ್ಲಿ, ಒಂದು ತಿಂಗಳಿಗಿಂತ ಕಡಿಮೆ ಅವಧಿಯ ಕಷ್ಟಕ್ಕೂ ನೆಗಡಿಗೂ ಸಂಬಂಧ ಸಿಗಲಿಲ್ಲ. ತಿಂಗಳು ದಾಟಿದ ಕಷ್ಟಗಳೇ ಅಪಾಯ ಹೆಚ್ಚಿಸಿದ್ದವು. ಅವುಗಳಲ್ಲಿ ಮುಖ್ಯವಾದವು ಎರಡು: ನಿರುದ್ಯೋಗ ಅಥವಾ ಅರೆ ಉದ್ಯೋಗ, ಮತ್ತು ಆಪ್ತರೊಂದಿಗಿನ ಸಂಬಂಧದಲ್ಲಿ ಮುಗಿಯದ ತೊಡಕು. ಕೋಹೆನ್ ತಂಡವೇ 2012ರಲ್ಲಿ ಆ ಸ್ವಯಂಸೇವಕರ ಮಾಹಿತಿಗೆ ಮರಳಿ, ದೀರ್ಘ ಒತ್ತಡದಲ್ಲಿದ್ದವರಲ್ಲಿ ಕಾರ್ಟಿಸಾಲಿಗೆ ಸ್ಪಂದಿಸದ ಲಕ್ಷಣವನ್ನು ಗುರುತಿಸಿತು. ಒಂದು ದಿನದ ಆಘಾತವನ್ನು ದೇಹ ತಾಳಿಕೊಳ್ಳುತ್ತದೆ. ಕೊನೆ ಕಾಣದ್ದನ್ನು ತಾಳುವುದು ಅದಕ್ಕೆ ಕಷ್ಟ. ಎಷ್ಟೇ ಬೇಸರದ ಕೆಲಸವಾಗಿದ್ದರೂ ರೋಗಿಯ ಕೋಣೆಯಿಂದ ಕೆಲವು ಗಂಟೆ ಹೊರಗಿರಲು ಅದೊಂದೇ ದಾರಿಯಾಗಿತ್ತು ಎಂಬವರಿಗೆ, ಕೆಲಸ ಹೋಗುವುದೆಂದರೆ ಒತ್ತಡದ ನಡುವಿನ ವಿರಾಮವೂ ಹೋಗುವುದು.

ಹೀಗಿರುವಾಗ ‘ಮನಸ್ಸು ಗಟ್ಟಿ ಮಾಡಿಕೊಳ್ಳಿ’ ಎಂಬ ಉಪದೇಶ ಕೇಳಿದರೆ ನನಗೆ ಸಂಕಟವಾಗುತ್ತದೆ. ಕೀಕೋಲ್ಟ್-ಗ್ಲೇಸರ್ ತಂಡ ಆರು ವರ್ಷ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ಮರೆಗುಳಿ ಕಾಯಿಲೆಯ ಸಂಗಾತಿಯನ್ನು ನೋಡಿಕೊಳ್ಳುವವರ ರಕ್ತದಲ್ಲಿ ಇಂಟರ್‌ಲ್ಯೂಕಿನ್-6 ಇತರರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಏರಿತು. ಸಂಗಾತಿ ತೀರಿಕೊಂಡು ವರ್ಷಗಳಾದ ಮೇಲೂ ಆ ಏರಿಕೆಯ ವೇಗ ತಗ್ಗಿರಲಿಲ್ಲ.

ಇಂಥವರ ಬಳಲಿಕೆಯನ್ನು ಅಳೆಯುವ ಸಾಧನ ವೈದ್ಯರ ಬಳಿ ಇಲ್ಲದಿಲ್ಲ. ಸ್ಟೀವನ್ ಜ್ಯಾರಿಟ್ ಮತ್ತು ಸಂಗಡಿಗರು 1980ರಲ್ಲಿ ರೂಪಿಸಿದ ಪ್ರಶ್ನಾವಳಿ ಈಗ 22 ಪ್ರಶ್ನೆಗಳ ರೂಪದಲ್ಲಿ ಬಳಕೆಯಲ್ಲಿದೆ. ಆರೈಕೆ ಮತ್ತು ಉದ್ಯೋಗದ ಹೊಣೆಗಳ ನಡುವೆ ಸಿಕ್ಕಿಬಿದ್ದಂತೆ ಅನಿಸುತ್ತದೆಯೇ, ಖರ್ಚಿಗೆ ಹಣ ಸಾಲದು ಅನಿಸುತ್ತದೆಯೇ ಎಂದು ಅದು ನೇರವಾಗಿಯೇ ಕೇಳುತ್ತದೆ. ಉತ್ತರಿಸಲು ಕೆಲವೇ ನಿಮಿಷ ಸಾಕು. ರೋಗಿಯನ್ನು ಒಳಗೆ ಪರೀಕ್ಷಿಸುವಷ್ಟು ಹೊತ್ತಿನಲ್ಲಿ, ಹೊರಗಿನ ಬೆಂಚಿನ ಮೇಲೆ ಕಡತ ಹಿಡಿದು ಕುಳಿತ ಸಂಗಾತಿಯ ಕೈಗೆ ಆ ಹಾಳೆಯನ್ನು ಕೊಡಬಹುದು.